ಲೆಕ್ಕಕ್ಕೆ ಬಾರದ ನಾನೂರು ಚದರ ಅಡಿ

ಗಾಜುವಾಕದ ಆ ಬ್ಯಾಂಕ್ ಶಾಖೆಯಲ್ಲಿ ಹದಿನೇಳು ಮಂದಿ ಕೆಲಸ ಮಾಡುತ್ತಿದ್ದರು. ಹದಿನಾರು ಮಂದಿ ಕುರ್ಚಿಯ ಮೇಲೆ ಕೂತು, ಒಬ್ಬಳು ಸೊಂಟ ಬಗ್ಗಿಸಿ. ಸೊಂಟ ಬಗ್ಗಿಸುತ್ತಿದ್ದವಳು ದುರ್ಗಾಂಬ. ಹುಟ್ಟಿದ್ದು ಬಳ್ಳಾರಿಯ ಕೌಲ್ ಬಜಾರಿನಲ್ಲಿ. ಹದಿನೇಳಕ್ಕೆ ಸನ್ಯಾಸಿರಾವ್ ಎಂಬ ಲಾರಿ ಮೆಕ್ಯಾನಿಕ್ಕನನ್ನು ಕಟ್ಟಿಕೊಂಡು ವಿಜಯವಾಡಕ್ಕೆ ಬಂದಳು. ವಿಶಾಖಪಟ್ಟಣದಲ್ಲಿ ಉಕ್ಕಿನ ಕಾರ್ಖಾನೆ ಏಳತೊಡಗಿದಾಗ ಗಂಡ ಇನ್ನೂ ನಾಲ್ಕು ಕಾಸು ಹೆಚ್ಚು ಸಿಗುತ್ತದೆಂದು ಗಾಜುವಾಕಕ್ಕೆ ಕರೆತಂದ, ಎರಡೇ ವರ್ಷದಲ್ಲಿ ಜ್ವರಕ್ಕೆ ಸತ್ತ. ಅವಳು ಅತ್ತಿದ್ದು ಹದಿಮೂರು ದಿನ. ಹದಿನಾಲ್ಕನೆಯ ದಿನ ಪೊರಕೆ ಹಿಡಿದಳು. ಅದು ಎಂಬತ್ತೈದನೆಯ ಇಸವಿ.

ಒಂಬತ್ತು ವರ್ಷ ಗುಡಿಸಿದ ಮೇಲೆ ಮನುಷ್ಯರ ಬಗ್ಗೆ ಅವಳಿಗೆ ಉಳಿದಿದ್ದ ಗೌರವ ಒಂದು ಮೊರದಲ್ಲಿ ಹಿಡಿಸುವಷ್ಟು. ಮೇಜಿನ ಮೇಲ್ಭಾಗ ನೋಡಿದವರಿಗೆ ಅಧಿಕಾರಿಗಳು ಕಾಣುತ್ತಾರೆ. ಅವಳು ನೋಡುತ್ತಿದ್ದದ್ದು ಕೆಳಭಾಗ. ಯಾರು ಚೂಯಿಂಗ್ ಗಮ್ ಮೆತ್ತುತ್ತಾರೆ, ಯಾರು ಕಡಲೆಕಾಯಿ ಸಿಪ್ಪೆಯನ್ನು ಪಕ್ಕದವನ ಕುರ್ಚಿಯ ಕೆಳಗೆ ಕಾಲಿನಿಂದ ತಳ್ಳುತ್ತಾರೆ, ಎಲ್ಲ ಅವಳಿಗೆ ಗೊತ್ತಿತ್ತು.

ಆ ಬ್ಯಾಂಕಿನಲ್ಲಿ ಗುಡಿಸುವವರಿಗೆ ಒಂದು ವಿಚಿತ್ರ ನಿಯಮವಿತ್ತು. ಸಂಬಳ ಕೊಡುತ್ತಿದ್ದದ್ದು ಮನುಷ್ಯನನ್ನು ನೋಡಿ ಅಲ್ಲ, ನೆಲವನ್ನು ಅಳೆದು. ನೆಲ ಸಾವಿರ ಚದರ ಅಡಿಗಿಂತ ಕಡಿಮೆಯಿದ್ದರೆ ತಿಂಗಳಿಗೆ ಒಂದು ಪುಡಿಗಾಸು, ಅಷ್ಟೇ. ಸಾವಿರ ದಾಟಿದರೆ ಜವಾನರ ಸಂಬಳದ ಮೂರನೇ ಒಂದು ಪಾಲು, ಅದರ ಹಿಂದೆ ತುಟ್ಟಿಭತ್ಯೆ, ಭವಿಷ್ಯನಿಧಿ, ಅರವತ್ತಾದ ಮೇಲೆ ಪಿಂಚಣಿ. ದುರ್ಗಾಂಬನ ಶಾಖೆಯ ನೆಲ ಕಾಗದದ ಮೇಲೆ ಎಂಟುನೂರು ಅಡಿ. ಅವಳಿಗಾಗಲೇ ನಲವತ್ತೇಳು, ಮೊಣಕಾಲು ಎರಡೂ ಊದಿಕೊಂಡಿದ್ದವು. ಕೈ ನಿಂತ ದಿನ ಉಣ್ಣುವುದೇನು ಎಂಬ ಪ್ರಶ್ನೆಗೆ ಉತ್ತರ ಆ ಇನ್ನೂರು ಅಡಿಯಲ್ಲಿತ್ತು.

ಮಜವೆಂದರೆ, ಅವಳು ನಿಜವಾಗಿ ಗುಡಿಸುತ್ತಿದ್ದದ್ದು ಸಾವಿರದ ಇನ್ನೂರು. ಮಹಡಿಯ ಮೇಲೆ ನಾನೂರು ಅಡಿಯ ಒಂದು ಹಾಲ್ ಇತ್ತು. ಕಾಗದದಲ್ಲಿ ಅದು ಹಳೆಯ ದಾಖಲೆಗಳ ಕೋಣೆ, ಬೀಗ ಹಾಕಿದ್ದು, ಗುಡಿಸುವ ಅಗತ್ಯವಿಲ್ಲದ್ದು. ಬೀಗ ತೆಗೆದರೆ ಒಳಗೆ ಕೇರಂ ಬೋರ್ಡು, ಸೋಫಾ, ಮೈಕು, ನೌಕರರ ಮನರಂಜನಾ ಸಂಘದ ಬೋರ್ಡು. ಬಾಡಿಗೆ ಕಟ್ಟುತ್ತಿದ್ದದ್ದು ಬ್ಯಾಂಕು, ಮಜಾ ಮಾಡುತ್ತಿದ್ದದ್ದು ಸಂಘ. ಬೀಗದ ಕೈ ಇದ್ದದ್ದು ಸಂಘದ ಕಾರ್ಯದರ್ಶಿ, ಕ್ಯಾಷಿಯರ್ ಕಾಮೇಶ್ವರರಾವ್ ಅವರ ಜೇಬಿನಲ್ಲಿ.

ಪ್ರತಿ ಎರಡನೆಯ ಶನಿವಾರ ಮಧ್ಯಾಹ್ನ ಅಲ್ಲಿ ಚರ್ಚಾಗೋಷ್ಠಿ. ಕಾಮೇಶ್ವರ ಮೈಕು ಹಿಡಿದರೆ ಸಾಕು, ಶ್ರೀಮಂತರ ಮೇಲೆ ತೆರಿಗೆ ಹಾಕುತ್ತಿದ್ದರು. ಅವರ ಎದುರಾಳಿಯೂ ಕಾಯಂ: ಹನ್ನೆರಡು ಲಾರಿ, ಎರಡು ಸಿನಿಮಾ ಟಾಕೀಸುಗಳ ಮಾಲೀಕ ರಾಮಮೋಹನ್. ಶಾಖೆಯ ಅತಿ ದೊಡ್ಡ ಗ್ರಾಹಕ. ಬ್ಯಾಂಕಿನವರ ಸಂಬಳ, ಪ್ರವಾಸ ಭತ್ಯೆ, ಔಷಧಿ ಬಿಲ್ಲು, ಈಗ ಹೊಸದಾಗಿ ಒಪ್ಪಿಕೊಂಡಿರುವ ಪಿಂಚಣಿ, ಎಲ್ಲ ನಮ್ಮಂಥವರ ತೆರಿಗೆಯಿಂದ ತಾನೇ, ದೇಶ ದಿವಾಳಿಯಾಗುತ್ತದೆ ಎಂದು ಆತ ಬಾಯಿ ಬಡಿದುಕೊಳ್ಳುತ್ತಿದ್ದ. ಆತನ ಠೇವಣಿಗಳಲ್ಲಿ ಅರ್ಧ ಅಡುಗೆಯವನ ಹೆಸರಿನಲ್ಲಿ, ಇನ್ನರ್ಧ ವಾಚ್‌ಮನ್ ಹೆಸರಿನಲ್ಲಿ ಇದ್ದವು. ಠೇವಣಿ ರಸೀತಿಗೆ ಹೆಬ್ಬೆಟ್ಟು ಒತ್ತಲು ಬರುತ್ತಿದ್ದ ಆ ವಾಚ್‌ಮನ್, ಬಸ್ಸಿಗೆ ಚಿಲ್ಲರೆಯನ್ನು ದುರ್ಗಾಂಬನ ಹತ್ತಿರ ಕೇಳಿಕೊಂಡು ಹೋಗುತ್ತಿದ್ದ. ಕಾಮೇಶ್ವರ, ರಾಮಮೋಹನ್ ಇಬ್ಬರೂ ಭಾಷಣ ಮುಗಿಸಿ ಒಂದೇ ತಟ್ಟೆಯಿಂದ ಮಿರ್ಚಿ ಬಜ್ಜಿ ತಿಂದು ಎಣ್ಣೆ ಕೈಯನ್ನು ಕಿಟಕಿಯ ಪರದೆಗೆ ಒರೆಸುತ್ತಿದ್ದರು. ಪರದೆ ಒಗೆಯುವವಳೂ ಇವಳೇ.

ಮ್ಯಾನೇಜರ್ ಶ್ರೀಕಂಠ ಮೈಸೂರಿನವರು. ವರ್ಗವಾಗಿ ಬಂದ ಹೊಸದರಲ್ಲಿ ಕನ್ನಡ ಮಾತಾಡುವವಳು ಸಿಕ್ಕಳೆಂದು ಅವರಿಗೆ ಎಲ್ಲಿಲ್ಲದ ಸಂತೋಷ. ಆ ಸಂತೋಷ ನೋಡಿ ಅವಳು ಒಂದು ದಿನ ಬಾಯಿಬಿಟ್ಟಳು.

"ಸಾಹೇಬ್ರ, ಮ್ಯಾಲಿನ ಹಾಲ್ ನಾ ದಿನಾ ಗುಡಸ್ತೀನ್ರಿ. ಅದನ್ನೂ ಸೇರಿಸಿ ಬರದ್ರ ನಂದು ಸಾವಿರ ದಾಟ್ತೈತಿ."

ಶ್ರೀಕಂಠರ ಮುಖದಲ್ಲಿದ್ದ ಊರಿನವರ ಪ್ರೀತಿ ಜರ್ರನೆ ಇಳಿಯಿತು. "ದುರ್ಗಮ್ಮಾ, ಅದು ಸಂಘದವರ ವಿಷಯ ಕಣಮ್ಮ. ನಂಗೆ ಇನ್ನೊಂದು ವರ್ಷದಲ್ಲಿ ಮೈಸೂರಿಗೆ ಟ್ರಾನ್ಸ್‌ಫರ್ ಆಗ್ಬೇಕು. ಈಗ ಯಾಕೆ ಇಲ್ಲದ ರಗಳೆ? ಕಾಮೇಶ್ವರರಾವ್ ಅವ್ರನ್ನೇ ಒಂದ್ಮಾತು ಕೇಳು."

ಕಾಮೇಶ್ವರರನ್ನು ಕೇಳಿದಳು. ಪಿಂಚಣಿ ಭಿಕ್ಷೆಯಲ್ಲ, ಹಕ್ಕು ಎಂದು ಗೋಡೆಗೆ ಭಿತ್ತಿಪತ್ರ ಅಂಟಿಸುತ್ತಿದ್ದ ಅವರು ಅಂಟಿನ ಕೈಯಲ್ಲೇ ತಿರುಗಿ, "ನೋಡೋಣಮ್ಮಾ, ಸಮಯ ಬರಲಿ" ಎಂದು ತೆಲುಗಿನಲ್ಲಿ ಸಾಗಹಾಕಿದರು. ಹಾಲನ್ನು ಲೆಕ್ಕಕ್ಕೆ ಬರೆದುಕೊಟ್ಟರೆ ಬ್ಯಾಂಕಿನ ವಿಜಯವಾಡದ ವಲಯ ಕಚೇರಿಯವರು ಅಲ್ಲಿ ಕೇರಂ ಬೋರ್ಡಿಗೆ ಏನು ಕೆಲಸ ಎನ್ನುತ್ತಾರೆ. ಜೊತೆಗೆ ದುರ್ಗಾಂಬ ಸಂಘದ ಸದಸ್ಯೆಯೂ ಅಲ್ಲ, ಪುಡಿಗಾಸಿನವರಿಗೆ ಅಲ್ಲಿ ವೋಟಿಲ್ಲ. ವೋಟಿಲ್ಲದವಳ ಹಕ್ಕಿಗೆ ಹೋರಾಡುವಷ್ಟು ಕೆಲಸವಿಲ್ಲದ ಮನುಷ್ಯರಲ್ಲ ಕಾಮೇಶ್ವರ.

ಅವಳು ರೈಲು ಹತ್ತಿ ವಿಜಯವಾಡಕ್ಕೇ ಹೋದಳು. ಸ್ಟೇಷನ್ ಎದುರಿನ ಟೈಪಿನವನಿಗೆ ಎಂಟು ರೂಪಾಯಿ ಕೊಟ್ಟು ಅರ್ಜಿ ಮಾಡಿಸಿದಳು. ಕಚೇರಿಯಲ್ಲಿ ಬೆಂಚು ತೋರಿಸಿ ಕೂರಿಸಿದರು. ವಿಜಯವಾಡದ ಬಿಸಿಲಿಗೆ ಬೆಂಚೂ ಕಾದಿತ್ತು. ನಾಲ್ಕು ಗಂಟೆಗೆ ಕಟ್ಟಡ ವಿಭಾಗದ ನರಸಿಂಹಮೂರ್ತಿ ಎಂಬ ಒಣಕಲು ಮನುಷ್ಯ ಅರ್ಜಿ ಓದಿ, ನಗದೆ, ಗದರಿಸದೆ, "ಬಂದು ಅಳೆಯುತ್ತೇನೆ" ಎಂದ. ಇಷ್ಟು ಚಿಕ್ಕ ಮಾತಾಡುವ ಅಧಿಕಾರಿಯನ್ನು ಅವಳು ಮೊದಲ ಸಲ ಕಂಡಿದ್ದಳು.

ಆತ ಬಂದದ್ದು ಮಾರ್ಚಿ ತಿಂಗಳ ಎರಡನೆಯ ಶನಿವಾರ. ಕೆಳಗಿನ ನೆಲ ಅಳೆದು ಟೇಪು ಸುತ್ತುವಾಗ ಮಹಡಿಯಿಂದ ಮೈಕಿನ ಸದ್ದು ಕೇಳಿತು. ದುರ್ಗಾಂಬ ಮೆಟ್ಟಿಲು ತೋರಿಸಿದಳು. ಮೇಲೆ ಹೊಸ ಬಜೆಟ್ಟಿನ ಮೇಲೆ ಚರ್ಚೆ ಕಾವೇರಿತ್ತು. ದುಡಿಯುವವರ ಬೆವರನ್ನು ಕದ್ದವರಿಂದ ಕಕ್ಕಿಸಬೇಕು ಎಂದು ಕಾಮೇಶ್ವರ ಗಂಟಲು ಹರಿಯುವಂತೆ ಕೂಗುತ್ತಿದ್ದರು. ಟೇಪು ಹಿಡಿದ ಮನುಷ್ಯ ಬಾಗಿಲಲ್ಲಿ ನಿಂತಾಗ ಆ ಕೂಗು ಅರ್ಧಕ್ಕೇ ನಿಂತಿತು.

"ಈ ಹಾಲ್ ಯಾರು ಗುಡಿಸುತ್ತಾರೆ?" ನರಸಿಂಹಮೂರ್ತಿ ಕೇಳಿದ.

ಶ್ರೀಕಂಠ ತಮ್ಮ ವಾಚು ನೋಡಿಕೊಂಡರು, ಅದರಲ್ಲಿ ಉತ್ತರ ಬರೆದಿದೆ ಎಂಬಂತೆ. ದುರ್ಗಾಂಬ ಬಾಗಿಲ ಪಕ್ಕ ಪೊರಕೆ ಹಿಡಿದು ನಿಂತಳು. ಒಂದೇ ಒಂದು ಹೆಸರು ಹೇಳಿದ್ದರೆ ಅವಳ ಮುಪ್ಪಿಗೆ ಗಂಜಿ ಸಿಗುತ್ತಿತ್ತು.

"ಇದು ನಮ್ಮ ಸಂಘದ ಜಾಗ. ಗುಡಿಸೋದೂ ನಾವೇ. ಶ್ರಮದಾನ" ಎಂದರು ಕಾಮೇಶ್ವರ.

ಉಳಿದ ಹದಿನೈದು ಮಂದಿ ಬಜ್ಜಿಯ ತಟ್ಟೆಗೆ ಕೈ ಹಾಕಿದರು. ರಾಮಮೋಹನ್ ಮಾತ್ರ ತಲೆದೂಗಿ, "ಭೇಷ್, ಹೀಗೆ ಖರ್ಚು ಉಳಿಸಿದರೆ ದೇಶ ಉದ್ಧಾರವಾಗುತ್ತದೆ" ಎಂದ. ತೆರಿಗೆಯ ವಿಷಯದಲ್ಲಿ ವರ್ಷಗಟ್ಟಲೆ ಕಚ್ಚಾಡಿದ ಇಬ್ಬರು ಮೊಟ್ಟಮೊದಲ ಬಾರಿಗೆ ಒಂದೇ ಮಾತಿಗೆ ಬಂದಿದ್ದು ಅವಳ ಅನ್ನದ ವಿಷಯದಲ್ಲಿ. ಅವಳು ಹೊಸ್ತಿಲು ದಾಟಿ ಒಳಗೆ ಬಂದು, "ಸುಳ್ಳು ಬಾಬು, ಒಂಬತ್ತು ವರ್ಷದಿಂದ ನಾನೇ ಗುಡಿಸೋದು" ಎಂದು ಕೂಗಿದಳು. ನರಸಿಂಹಮೂರ್ತಿ ಅವಳನ್ನು ನೋಡಿದ, ಸೋಫಾ ನೋಡಿದ, ಹಾಲನ್ನು ಅಳೆದ. "ಮ್ಯಾನೇಜರ್ ಹೇಳಿದ್ದನ್ನು ನಾನು ಬರೆಯಬೇಕಮ್ಮಾ" ಎಂದ. ಶ್ರೀಕಂಠ ಕಾಮೇಶ್ವರ ಹೇಳಿದ್ದೇ ಸರಿ ಎಂದು ಸಹಿ ಹಾಕಿದರು.

ಅವಳು ಕೈಯಲ್ಲಿದ್ದ ಪೊರಕೆಯನ್ನು ಕಾಮೇಶ್ವರರ ಮೈಕಿನ ಪಕ್ಕ ಇಟ್ಟು ಕೆಳಗಿಳಿದಳು. ಅಂದಿನಿಂದ ಮಹಡಿ ಹತ್ತಲಿಲ್ಲ. ಶ್ರಮದಾನಿಗಳು ಎರಡು ವಾರ ಸಿಪ್ಪೆಯ ಮೇಲೇ ಕೂತು ಕೇರಂ ಆಡಿದರು. ಯಾರು ಗುಡಿಸಬೇಕೆಂಬ ಬಗ್ಗೆ ಒಂದು ಚರ್ಚೆಯೂ ನಡೆಯಿತಂತೆ; ಪೊರಕೆ ಮಾತ್ರ ಇಟ್ಟಲ್ಲೇ ಇತ್ತು.

ಮೂರನೆಯ ವಾರ ವಿಜಯವಾಡದಿಂದ ಕಾಗದ ಬಂತು. ಹಾಲ್ ಸಂಘದ್ದೆಂದು, ಗುಡಿಸುವವರೂ ಅವರೇ ಎಂದು ಲಿಖಿತವಾಗಿ ತಿಳಿದುಬಂದಿರುವುದರಿಂದ, ತಿಂಗಳಿಗೆ ಇನ್ನೂರರಂತೆ ಒಂಬತ್ತು ವರ್ಷದ ಬಾಡಿಗೆ ಇಪ್ಪತ್ತೊಂದು ಸಾವಿರದ ಆರುನೂರು ರೂಪಾಯಿಯನ್ನು ಹದಿನಾರು ಮಂದಿಯ ಸಂಬಳದಿಂದ ಹಿಡಿಯತಕ್ಕದ್ದು. ಕಾಗದ ಓದಿದ ದಿನ ಶಾಖೆಯಲ್ಲಿ ಯಾರಿಗೂ ಊಟ ಸೇರಲಿಲ್ಲ. ಶ್ರೀಮಂತರ ಜೇಬಿಗೆ ಕೈ ಹಾಕಬೇಕೆಂದು ಮೈಕು ಕಿತ್ತುಹೋಗುವಂತೆ ಕೂಗಿದವರಿಗೆ ತಮ್ಮ ಜೇಬಿಗೆ ಬೆರಳು ತಾಗಿದ್ದೇ ತಡ, ಪ್ರಾಣವೇ ಹೋದಂತಾಗಿತ್ತು.

ಭಾನುವಾರ ಬೆಳಿಗ್ಗೆ ದುರ್ಗಾಂಬ ಅಂಗಳದಲ್ಲಿ ಪಾತ್ರೆ ತಿಕ್ಕುತ್ತಿದ್ದಾಗ ಕಾಮೇಶ್ವರ, ಶ್ರೀಕಂಠ ಇಬ್ಬರೂ ಒಂದು ಡಜನ್ ಬಾಳೆಹಣ್ಣು ಹಿಡಿದು ಬಂದರು. ಅದುವರೆಗೆ ಅವಳ ಮನೆ ಎಲ್ಲಿದೆಯೆಂದು ಇಬ್ಬರೂ ಕೇಳಿದವರಲ್ಲ.

"ದುರ್ಗಮ್ಮಾ, ನೀವೇ ನಮ್ಮನ್ನ ಉಳಿಸ್ಬೇಕು" ಎಂದರು ಶ್ರೀಕಂಠ. ಬಾಡಿಗೆಯ ಬಿಸಿಗೆ 'ನೀನು' ಕರಗಿ 'ನೀವು' ಆಗಿತ್ತು. "ಆ ಹಾಲ್ ಶಾಖೆಯ ಊಟದ ಕೋಣೆ, ದಿನಾ ನೀವೇ ಗುಡಿಸ್ತೀರಿ ಅಂತ ಒಂದು ಕಾಗದ ಕೊಟ್ಬಿಡಿ."

ಅವಳಿಗೆ ಅವರ ಮುಖದ ಮೇಲೆ ಬೂದಿ ನೀರು ಎರಚಬೇಕೆನ್ನಿಸಿತು. ಒಲ್ಲೆನೆಂದರೆ ಇಬ್ಬರೂ ಚೆನ್ನಾಗಿ ಒದ್ದಾಡುತ್ತಾರೆ, ಅದನ್ನು ನೋಡುವ ಸುಖ ಕಡಿಮೆಯದಲ್ಲ. ಆದರೆ ಆ ಸುಖ ಅರವತ್ತನೆಯ ವಯಸ್ಸಿನಲ್ಲಿ ಬೇಯಿಸಿಕೊಂಡು ತಿನ್ನಲು ಬರುವುದಿಲ್ಲ. ಊದಿದ ಮೊಣಕಾಲನ್ನು ಹಿಡಿದುಕೊಂಡು ಎದ್ದಳು.

"ನಾ ಯಾಕ್ ಬರೀಲಿ? ನಾ ಕೊಟ್ಟ ಅರ್ಜಿ ವಿಜಯವಾಡದಾಗ ಐತಲ್ಲ. ಈಗ ನೀವು ಬರೀರಿ. ದುರ್ಗಾಂಬ ಒಂಬತ್ ವರ್ಷ ಗುಡಿಸ್ಯಾಳ, ನಾವು ಸುಳ್ಳು ಹೇಳಿದ್ವಿ ಅಂತ. ಹದಿನಾರೂ ಮಂದಿ ಸಹಿ ಹಾಕ್ರಿ."

"ಸುಳ್ಳು ಅನ್ನೋ ಪದ ಬೇಡ ಕಣಮ್ಮ. ತಪ್ಪು ಗ್ರಹಿಕೆ ಅನ್ನೋಣ" ಎಂದರು ಶ್ರೀಕಂಠ.

"ಅದೇನ್ ಅಂತೀರೋ ಅನ್ರಿ. ಒಂಬತ್ ವರ್ಷ ಅಂತ ಮಾತ್ರ ಇರ್ಬೇಕು."

ಕಾಗದ ಹೋಯಿತು, ತಪ್ಪು ಗ್ರಹಿಕೆಯೆಂದೇ ಹೋಯಿತು. ಬಾಡಿಗೆ ರದ್ದಾಯಿತು. ಸೋಫಾ, ಕೇರಂ ಬೋರ್ಡು ಮೂಲೆ ಸೇರಿದವು, ಊಟದ ಮೇಜು ಬಂತು. ಜುಲೈ ಒಂದರಿಂದ ದುರ್ಗಾಂಬನಿಗೆ ಮೂರನೇ ಒಂದು ಪಾಲು ಸಂಬಳ, ಪಿಂಚಣಿ ಸಹಿತ. ಹಿಂದಿನ ಒಂಬತ್ತು ವರ್ಷಕ್ಕೆ ಬಿಡಿಗಾಸೂ ಇಲ್ಲ. ಆದೇಶದ ಕಾಗದವನ್ನು ಅವಳು ಸೆರಗಿನಲ್ಲಿ ಕಟ್ಟಿಕೊಂಡು ಮನೆಗೆ ಹೋಗಿ, ಬಾಗಿಲು ಹಾಕಿಕೊಂಡು ಅತ್ತಳು. ಸಂತೋಷಕ್ಕೋ ಸಿಟ್ಟಿಗೋ ಅವಳಿಗೇ ಬಗೆಹರಿಯಲಿಲ್ಲ.

ಜುಲೈ ಹತ್ತೊಂಬತ್ತು ಬ್ಯಾಂಕ್ ರಾಷ್ಟ್ರೀಕರಣದ ದಿನ. ಅದೇ ಹಾಲಿನಲ್ಲಿ ಸಭೆ, ರಾಮಮೋಹನ್ ಮುಖ್ಯ ಅತಿಥಿ. ಬಡ ಹೆಣ್ಣುಮಗಳೊಬ್ಬಳ ಪಿಂಚಣಿಗಾಗಿ ದಣಿವರಿಯದೆ ಹೋರಾಡಿದ ಧೀರನೆಂದು ಕಾಮೇಶ್ವರರಿಗೆ ಶಾಲು ಹೊದಿಸಿ ಚೆಂಡುಹೂವಿನ ಹಾರ ಹಾಕಿದರು. ಅವರು ನಾಚಿಕೊಂಡಂತೆ ತಲೆ ತಗ್ಗಿಸಿದರು; ನಿಜವಾದ ನಾಚಿಕೆಯಾಗಿದ್ದರೆ ಶಾಲು ತೆಗೆದಿಡುತ್ತಿದ್ದರು. ಆಮೇಲೆ ಕೃತಜ್ಞತೆಯ ಎರಡು ಮಾತಾಡೆಂದು ದುರ್ಗಾಂಬನ ಕೈಗೆ ಮೈಕು ಕೊಟ್ಟರು.

ಅವಳು ಎಲ್ಲರಿಗೂ ತಿಳಿಯುವಂತೆ ತೆಲುಗಿನಲ್ಲಿ ಹೇಳಿದಳು. "ಒಂಬತ್ತು ವರ್ಷ ನಾನು ಇಲ್ಲೇ, ಇವರ ಕಾಲ ಕೆಳಗೇ ಗುಡಿಸಿದೆ. ಯಾರ ಕಣ್ಣಿಗೂ ಬೀಳಲಿಲ್ಲ. ತಲೆಗೆ ಸಾವಿರದ ಮುನ್ನೂರೈವತ್ತು ರೂಪಾಯಿ ಬಾಡಿಗೆ ಬಿತ್ತು ನೋಡಿ, ಆಗ ಕಂಡೆ. ಕೈ ಮುಗಿಯುವುದಾದರೆ ಆ ಬಾಡಿಗೆಗೆ ಮುಗಿಯುತ್ತೇನೆ."

ಕಾಮೇಶ್ವರ ಹೆಗಲ ಶಾಲು ಸರಿಮಾಡಿಕೊಂಡರು. ಆಮೇಲೆ ಚಪ್ಪಾಳೆ ತಟ್ಟಿದರು. ಕಾರ್ಯದರ್ಶಿ ತಟ್ಟಿದರೆಂದು ಉಳಿದವರೂ ತಟ್ಟಿದರು, ರಾಮಮೋಹನ್ ಎಲ್ಲರಿಗಿಂತ ಜೋರಾಗಿ ತಟ್ಟಿದ. ಉಗಿದರೂ ಇವರು ಒರೆಸಿಕೊಂಡು ಚಪ್ಪಾಳೆ ತಟ್ಟುವವರೇ ಎಂದು ದುರ್ಗಾಂಬನಿಗೆ ನಗು ಬಂತು. ಹಾರದಿಂದ ಉದುರಿದ ಹೂವು ನೆಲದ ತುಂಬ ಚೆಲ್ಲಿತ್ತು, ಕಾಮೇಶ್ವರರ ಚಪ್ಪಲಿಯ ಕೆಳಗೆ ಅರೆದು ಹೋಗುತ್ತಿತ್ತು. ಅವಳು ಇನ್ನೊಮ್ಮೆ ಮೈಕು ಬಾಯಿಗೆ ಹಿಡಿದಳು.

"ಎಲ್ಲರೂ ಎದ್ದು ಕೆಳಗೆ ನಡೆಯಿರಿ. ಈ ನೆಲ ಈಗ ನನ್ನ ಸಂಬಳದ್ದು, ನಾನು ಗುಡಿಸಬೇಕು."

ಒಬ್ಬರ ಮುಖ ಒಬ್ಬರು ನೋಡಿದರು. ಆಮೇಲೆ ಹದಿನಾರೂ ಮಂದಿ, ಅವರ ಹಿಂದೆ ಮುಖ್ಯ ಅತಿಥಿ, ಬಜ್ಜಿಯ ತಟ್ಟೆ ಹಿಡಿದುಕೊಂಡು ಮೆಟ್ಟಿಲಿಳಿದರು.