ಬಕೆಟ್ಟಿನಲ್ಲಿ ಮಣ್ಣು ಮಾತ್ರ

ಮಣ್ಣು ಎತ್ತುವ ನಮ್ಮ ಲೋಡರ್ ಬೆಳಿಗ್ಗೆ ಏಳೂವರೆಗೆ ಹೊರಡಬೇಕಾದರೆ ನಾನು ಆರೂಮುಕ್ಕಾಲಿಗೇ ಅದರ ಬುಡದಲ್ಲಿ ಕೂತಿರಬೇಕು. ಗ್ರೀಸ್ ಗನ್ನಿನ ಮೂತಿಯನ್ನು ಒಂದೊಂದೇ ನಿಪ್ಪಲ್ಲಿಗೆ ಒತ್ತಿ ಹಿಡಿದು, ಪಿನ್ನಿನ ಸಂದಿಯಿಂದ ಹಳೆಯ ಕಪ್ಪು ಗ್ರೀಸು ಹೊರಬಿದ್ದು ಅದರ ಬೆನ್ನಿಗೆ ಹೊಸದು ಕಾಣಿಸುವವರೆಗೆ ಹೊಡೆಯಬೇಕು. ಆಮೇಲೆ ಎಂಜಿನ್ ಎಣ್ಣೆ, ರೇಡಿಯೇಟರಿನ ನೀರು, ಟಯರಿನ ನಟ್ಟುಗಳು, ಟ್ರ್ಯಾಕ್ಟರಿಗೂ ಟ್ರೇಲರಿಗೂ ನಡುವಿನ ಪಿನ್ನು. ದೋಸೆಹಿಟ್ಟು ಉಬ್ಬಿದೆಯೋ ಇಲ್ಲವೋ ಎಂದು ಪಾತ್ರೆಯ ಮುಚ್ಚಳ ತೆಗೆದು ನೋಡುವ ಅದೇ ಕಣ್ಣಿನಲ್ಲಿ ಇವನ್ನೂ ನೋಡುತ್ತೇನೆ. ಎರಡರಲ್ಲೂ ಅವಸರ ನಡೆಯುವುದಿಲ್ಲ.

ನಾನೂ ನಮ್ಮವರೂ, ಗಂಡ ಹೆಂಡತಿ ಇಬ್ಬರೂ, ಕಾಸರಗೋಡಿನ ಕಡೆಯವರು. ಕೊಚ್ಚಿಯ ಹತ್ತಿರದ ಕಳಮಶ್ಶೇರಿಯಲ್ಲಿ ಬಾಡಿಗೆ ಮನೆ, ಅದರ ಪಕ್ಕದಲ್ಲೇ ತಗಡಿನ ಶೆಡ್ಡು, ಶೆಡ್ಡಿನಲ್ಲಿ ಒಂದು ಲೋಡರ್, ಒಂದು ಟ್ರ್ಯಾಕ್ಟರ್. ಲೋಡರ್ ನಡೆಸುವುದು ಅವರು. ಟ್ರೇಲರ್ ಕಟ್ಟಿದ ಟ್ರ್ಯಾಕ್ಟರ್ ನಡೆಸುವುದು ನಾನು. ಎರಡರ ಆರೈಕೆ ಪೂರ್ತಿ ನನ್ನದು. ಶುರುವಿನಲ್ಲಿ ಸೈಟಿನವರು ನನ್ನನ್ನು ಊಟ ತಂದವಳೆಂದು ತಿಳಿದು ಬದಿಗೆ ಕೂರಲು ಹೇಳುತ್ತಿದ್ದರು. ನಾನು ಕೂರುತ್ತಿದ್ದೆ, ಟ್ರ್ಯಾಕ್ಟರಿನ ಸೀಟಿನ ಮೇಲೆ.

ನನ್ನದೊಂದು ಅಭ್ಯಾಸ ಎಲ್ಲರಿಗೂ ತಮಾಷೆಯ ವಸ್ತು. ವಾರಕ್ಕೊಮ್ಮೆ ಊಟದ ಹೊತ್ತಿಗೆ ಲೋಡರಿನ ಮುಂದಿರುವ, ಮಣ್ಣು ಗೋರುವ ಬಕೆಟ್ಟಿನಲ್ಲಿ ಮಣ್ಣು ತುಂಬಿಸಿ, ನನ್ನ ಹೆಗಲಿನ ಎತ್ತರಕ್ಕೆ ಎತ್ತಿಸಿ, ಎಂಜಿನ್ ಬಂದ್ ಮಾಡಿಸುತ್ತೇನೆ. ಗೀರು ಹಾಕಿದ ಬಿದಿರಿನ ಕೋಲಿನಿಂದ ಬದಿಯಲ್ಲಿ ನಿಂತು ಬಕೆಟ್ಟಿನ ತುಟಿ ನೆಲದಿಂದ ಎಷ್ಟು ಎತ್ತರವಿದೆ ಎಂದು ಅಳೆಯುತ್ತೇನೆ. ಆಮೇಲೆ ಯಾರನ್ನೂ ಅದರ ಹತ್ತಿರ ಬಿಡದೆ, ಎದುರಿನಲ್ಲಿ ಕೂತು, ಅದನ್ನೇ ನೋಡುತ್ತಾ ಕುಚ್ಚಲಕ್ಕಿ ಅನ್ನ ಮತ್ತು ಬೂತಾಯಿ ಮೀನಿನ ಸಾರು ಉಣ್ಣುತ್ತೇನೆ. ಕೈ ತೊಳೆದ ಮೇಲೆ ಮತ್ತೆ ಅಳೆಯುತ್ತೇನೆ. ಬಕೆಟ್ಟನ್ನು ಎತ್ತಿ ಹಿಡಿಯುವ ಎಣ್ಣೆ ಸಿಲಿಂಡರಿನ ಒಳಗಿನ ಸೀಲು ಗಟ್ಟಿಯಿದ್ದರೆ ಬಕೆಟ್ಟು ಇದ್ದಲ್ಲೇ ಇರುತ್ತದೆ. ಸವೆದಿದ್ದರೆ ಎಣ್ಣೆ ಒಳಗೊಳಗೇ ಜಾರಿ, ಕಣ್ಣಿಗೆ ಕಾಣದಷ್ಟು ನಿಧಾನವಾಗಿ ಇಳಿಯುತ್ತದೆ.

"ಚೇಚಿ ಗಂಡನ ಮುಖ ನೋಡ್ತಾ ಊಟ ಮಾಡುದಿಲ್ಲ, ಬಕೆಟ್ಟಿನ ಮುಖ ನೋಡ್ತಾರೆ" ಎಂದು ಕೆಲಸದವರು ನಗುತ್ತಿದ್ದರು. ಮಲಯಾಳದಲ್ಲಿ ಅಕ್ಕನಿಗೆ ಚೇಚಿ, ಅಣ್ಣನಿಗೆ ಚೇಟ್ಟ.

"ಗಂಡ ಇಳಿದದ್ದು ಕೋಲು ಇಲ್ಲದೆಯೂ ಗೊತ್ತಾಗ್ತದೆ" ಎಂದು ನಾನು ಹೇಳಿದರೆ ನಮ್ಮವರೂ ಅವರ ಜೊತೆ ನಗುತ್ತಿದ್ದರು.

ಮಳೆಗಾಲಕ್ಕೆ ಮೊದಲು ನಮಗೆ ಒಂದು ತೋಡಿನ, ಅಂದರೆ ಕಾಲುವೆಯ, ಹೂಳು ಮತ್ತು ನೀರುಕಳೆ ಎತ್ತುವ ಕೆಲಸ ಸಿಕ್ಕಿತು. ಕೊಚ್ಚಿಯಲ್ಲಿ ಇಂಥ ಕೆಲಸ ಸಿಕ್ಕರೆ ಇಡೀ ಸೀಸನ್ ದಾಟಿದ ಹಾಗೆ. ಒಂದು ತೋಡು ಮುಗಿಯುವಷ್ಟರಲ್ಲಿ ಅದೇ ಗುತ್ತಿಗೆದಾರರು ಇನ್ನೊಂದನ್ನು ತೋರಿಸುತ್ತಾರೆ. ಮಳೆ ಹಿಡಿದ ಮೇಲೆ ಮಣ್ಣಿನ ಕೆಲಸ ಎಲ್ಲಿಯೂ ಇರುವುದಿಲ್ಲವಾದ್ದರಿಂದ ನಮ್ಮಂಥವರಿಗೆ ಆ ತೋಡೇ ಗತಿ. ಲೋಡರ್ ದಡದಲ್ಲಿ ನಿಂತು ಕಳೆಯನ್ನು ಗೋರಿ ಟ್ರೇಲರಿಗೆ ಸುರಿಯುತ್ತಿತ್ತು, ನಾನು ಒಯ್ದು ಖಾಲಿ ಜಾಗದಲ್ಲಿ ಸುರಿದು ಬರುತ್ತಿದ್ದೆ. ಉಬ್ಬರ ಬಂದಾಗ ಆ ತೋಡಿಗೆ ಉಪ್ಪುನೀರು ಏರುತ್ತದೆ. ಹಾಗಾಗಿ ಸಂಜೆ ಕೆಲಸ ಬಿಟ್ಟೊಡನೆ ಯಂತ್ರವನ್ನು ಸಿಹಿನೀರಿನಲ್ಲಿ ತೊಳೆಯಲೇಬೇಕು. ತೊಳೆಯದೆ ಗ್ರೀಸ್ ಹೊಡೆದರೆ ಉಪ್ಪೂ ಮರಳೂ ಪಿನ್ನಿನ ಒಳಗೇ ಹೋಗಿ ಕೂತುಬಿಡುತ್ತವೆ.

ಸೈಟಿನ ಮ್ಯಾನೇಜರ್ ಮೂವತ್ತು ದಾಟಿದ, ಇಸ್ತ್ರಿ ಮಾಡಿದ ಶರ್ಟಿನ ಮನುಷ್ಯ. ಮಾತು ಮೃದು. ನನ್ನ ತೊಳೆಯುವಿಕೆ ಕಂಡರೆ ಮಾತ್ರ ಅವರಿಗೆ ಮೈಯುರಿ. "ಚೇಚಿ, ಇದು ಲೋಡರ್, ಮದುಮಗಳಲ್ಲ" ಎನ್ನುತ್ತಿದ್ದರು. ನಾನು ಪೈಪು ಹಿಡಿದುಕೊಂಡೇ, "ಮದುಮಗಳಾದ್ರೆ ಒಂದೇ ದಿನ ಸಾಕಿತ್ತು ಸಾರ್" ಎನ್ನುತ್ತಿದ್ದೆ. ಅಲ್ಲಿಗೆ ಮುಗಿಯುತ್ತಿತ್ತು.

ಆ ಮಂಗಳವಾರ ಮುಗಿಯಲಿಲ್ಲ. ಮಧ್ಯಾಹ್ನದ ಮೇಲೆ ದೊಡ್ಡ ಅಧಿಕಾರಿಗಳು ತೋಡು ನೋಡಲು ಬರುವವರಿದ್ದರು. ಅವರನ್ನು ಸ್ವಾಗತಿಸುವ ಬಟ್ಟೆಯ ಬ್ಯಾನರನ್ನು ದಡದ ಎರಡು ಕಂಬಗಳ ನಡುವೆ ಎತ್ತರದಲ್ಲಿ ಕಟ್ಟಿದ್ದರು. ಗಾಳಿಗೆ ಒಂದು ಕಡೆಯ ಹಗ್ಗ ತುಂಡಾಗಿ ಬ್ಯಾನರು ಒದ್ದೆ ಸೀರೆಯ ಹಾಗೆ ನೇತಾಡುತ್ತಿತ್ತು. ಮ್ಯಾನೇಜರ್ ಇಬ್ಬರು ಕೆಲಸದವರನ್ನು ಕರೆದುಕೊಂಡು ನಮ್ಮ ಲೋಡರಿನ ಹತ್ತಿರ ಬಂದರು.

"ಚೇಟ್ಟಾ, ಇವರಿಬ್ಬರನ್ನು ಬಕೆಟ್ಟಿನಲ್ಲಿ ನಿಲ್ಲಿಸಿ ಸ್ವಲ್ಪ ಮೇಲೆ ಎತ್ತಿ. ಐದು ನಿಮಿಷ."

ನಮ್ಮವರು ನನ್ನ ಕಡೆ ನೋಡಿದರು. ನಾನು ಟ್ರ್ಯಾಕ್ಟರಿನಿಂದ ಇಳಿದು ಬಂದೆ.

"ಆಗುದಿಲ್ಲ ಸಾರ್. ಅದರಲ್ಲಿ ಜನ ಹತ್ತುವ ಹಾಗಿಲ್ಲ."

"ಎಲ್ಲಾ ಸೈಟಿನಲ್ಲೂ ಹತ್ತುತ್ತಾರೆ ಚೇಚಿ."

"ಏಣಿ ತರಿಸಿ. ಇಲ್ಲದಿದ್ರೆ ಬಿದಿರು ತರಿಸಿ, ಅಟ್ಟ ಕಟ್ಟುವ. ನಾನೇ ಟ್ರೇಲರಿನಲ್ಲಿ ತಂದು ಕೊಡ್ತೇನೆ."

"ಈ ಕೆಸರಿನಲ್ಲಿ ಏಣಿ ನಿಲ್ತದಾ? ಅಟ್ಟ ಕಟ್ಟುವಷ್ಟರಲ್ಲಿ ಅವರು ಬಂದು ಹೋಗಿ ಆಗಿರ್ತದೆ."

ಕೆಲಸದವರಲ್ಲಿ ಒಬ್ಬ ಆಗಲೇ ಬಕೆಟ್ಟಿನ ಅಂಚಿಗೆ ಕಾಲಿಟ್ಟಿದ್ದ. ನಾನು ಕ್ಯಾಬಿನ್ನಿಗೆ ಕೈ ಹಾಕಿ ಕೀ ತಿರುಗಿಸಿ ಎಳೆದುಕೊಂಡೆ. ಎಂಜಿನ್ ನಿಂತಿತು. ಅಷ್ಟು ಹೊತ್ತು ಆ ಸದ್ದಿನ ಅಡಿಯಲ್ಲಿ ಅಡಗಿದ್ದ ಕಾಗೆಗಳ ಕೂಗೆಲ್ಲ ಒಮ್ಮೆಲೇ ಕೇಳಿಸಿತು.

ನಾನು ಹಾಗೆ ಮಾಡಿದ್ದು ಏಕೆಂದು ಅಲ್ಲಿ ನಮ್ಮಿಬ್ಬರಿಗೆ ಮಾತ್ರ ಗೊತ್ತಿತ್ತು. ಕೆಲವು ವರ್ಷಗಳ ಹಿಂದೆ ನಾವು ತಿರುವನಂತಪುರದಲ್ಲಿ ಕೆಲಸಕ್ಕಿದ್ದೆವು. ಒಂದು ವಿಜ್ಞಾನ ಸಂಸ್ಥೆಯ ಕ್ವಾರ್ಟರ್ಸಿನ ಪಕ್ಕದಲ್ಲಿ ಜಾಗ ಸಮ ಮಾಡುವುದು. ಕ್ವಾರ್ಟರ್ಸಿನಲ್ಲಿ ನಾಲ್ಕಾರು ಕನ್ನಡದ ಮನೆಗಳಿದ್ದವು. ಕನ್ನಡ ಕೇಳಿದರೇ ನನಗೆ ಹಬ್ಬ, ಮಜ್ಜಿಗೆ ಕೇಳಿಕೊಂಡು ಅವರ ಬಾಗಿಲಿಗೆ ಹೋಗುತ್ತಿದ್ದೆ. ಓಣಂ ಹತ್ತಿರ ಬಂದಾಗ ಅಂಗಳದ ಎರಡು ತೆಂಗಿನ ಮರಗಳ ನಡುವೆ ಬಲ್ಬಿನ ಸರ ಕಟ್ಟಲು ಅವರು ಒಬ್ಬ ಎಲೆಕ್ಟ್ರಿಷಿಯನ್ನನ್ನು ಕರೆಸಿದ್ದರು. ನಮ್ಮ ಪ್ರಾಯದವರೇ. ಅವರ ಏಣಿ ಮೋಟಾಗಿತ್ತು. "ಬಕೆಟ್ಟಿಗೆ ಹತ್ತಿ ಚೇಟ್ಟಾ, ಎರಡು ನಿಮಿಷದ ಕೆಲಸ" ಎಂದು ಕರೆದವಳು ನಾನು. ನಮ್ಮವರು ಬೇಡ ಎಂದರು. ಮನೆಯವರೆಲ್ಲ ನೋಡುತ್ತಿದ್ದಾರೆ, ನಮ್ಮ ಭಾಷೆಯವರಿಗೆ ಒಂದು ಉಪಕಾರವಾಗಲಿ ಎಂದು ನಾನೇ ಒತ್ತಾಯ ಮಾಡಿದೆ. ಎಲೆಕ್ಟ್ರಿಷಿಯನ್ ಮೇಲೆ ಹೋದರು. ನಾನು ಕೆಳಗಿನಿಂದ "ಇನ್ನೂ ಸ್ವಲ್ಪ, ಇನ್ನೂ ಸ್ವಲ್ಪ" ಎಂದು ಕೂಗಿದೆ. ಎಂಜಿನ್ನಿನ ಸದ್ದಿನಲ್ಲಿ ಸರಿಯಾಗಿ ಕೇಳದೆ, ಲೋಡರ್ ನಡೆಸುತ್ತಿದ್ದ ನಮ್ಮವರು ನನ್ನತ್ತ ತಿರುಗಿದರು. ತಿರುಗಿದಾಗ ಮೊಣಕೈ ಲಿವರಿಗೆ ತಾಗಿತು. ಬಕೆಟ್ಟಿಗೆ ತನ್ನೊಳಗೆ ಇರುವುದು ಮಣ್ಣೋ ಮನುಷ್ಯನೋ ಎಂದು ಗೊತ್ತಾಗುವುದಿಲ್ಲವಲ್ಲ. ಮಣ್ಣು ಸುರಿಯುವ ಹಾಗೆಯೇ ಸುರಿಯಿತು.

ಅವರ ಎರಡೂ ಹಿಮ್ಮಡಿಗಳ ಎಲುಬುಗಳು ಒಡೆದವು. ಆಸ್ಪತ್ರೆಗೆ ನೇಂದ್ರ ಬಾಳೆಹಣ್ಣು ಹಿಡಿದುಕೊಂಡು ಹೋದೆ. ಅವರ ಹೆಂಡತಿ ಬೈಯುತ್ತಾಳೆಂದು ಎಣಿಸಿದ್ದೆ. ಆಕೆ ಮೂಲೆಯ ಸ್ಟೂಲನ್ನು ಎಳೆದು ನನಗೆ ಕೂರಲು ಕೊಟ್ಟಳು. ಅವರು ಈಗಲೂ ಮೆಟ್ಟಿಲು ಇಳಿಯುವುದು ಕಂಬಿ ಹಿಡಿದು, ಅಡ್ಡಡ್ಡವಾಗಿ. ವರ್ಷಕ್ಕೊಮ್ಮೆ ಹೋಗಿ ಮಾತಾಡಿಸಿ ಬರುತ್ತೇನೆ. ಆ ದಿನದ ಬಗ್ಗೆ ನಮ್ಮವರು ಮಾತ್ರ ಒಮ್ಮೆಯೂ ಬಾಯಿ ಬಿಟ್ಟಿರಲಿಲ್ಲ, ನನ್ನ ಹತ್ತಿರವೂ.

ತೋಡಿನ ದಡದಲ್ಲಿ ಮ್ಯಾನೇಜರ್ ನನ್ನನ್ನು ಬಿಟ್ಟು ನಮ್ಮವರ ಕಡೆ ತಿರುಗಿದರು.

"ಚೇಟ್ಟಾ, ನೀವು ಹೇಳಿ. ಮೆಷಿನ್ ನಿಮ್ಮದೋ, ಚೇಚಿಯದೋ? ಈಗ ಎತ್ತದಿದ್ದರೆ ಇವತ್ತೇ ಎರಡನ್ನೂ ಹೊರಗೆ ತೆಗೀರಿ. ನಾಳೆಯಿಂದ ಬೇರೆಯವರು ಬರ್ತಾರೆ."

ನಾನು ಕೀಯನ್ನು ಸೆರಗಿನ ತುದಿಗೆ ಕಟ್ಟಿಕೊಳ್ಳುತ್ತಿದ್ದೆ. ನಮ್ಮವರು ಕೈ ಚಾಚಿ ಕೀ ಕೇಳಿದರೆ ಏನು ಮಾಡುತ್ತೇನೆ ಎಂಬುದು ನನಗೇ ಗೊತ್ತಿರಲಿಲ್ಲ. ಇಡೀ ಮಳೆಗಾಲದ ಅನ್ನ ಆ ದಡದಲ್ಲಿತ್ತು. ಅವರು ಸೀಟಿನಿಂದ ಇಳಿದರು, ತಲೆಗೆ ಕಟ್ಟಿದ್ದ ಬೈರಾಸು ಬಿಚ್ಚಿ ಮುಖ ಒರಸಿಕೊಂಡರು.

"ಮೆಷಿನ್ ಇಬ್ಬರದ್ದು" ಎಂದರು. "ಒಬ್ಬರನ್ನು ಹೀಗೇ ಎತ್ತಿ ನಾನು ಕೆಳಗೆ ಹಾಕಿದ್ದೇನೆ. ಕೈ ನನ್ನದು. ಇನ್ನೊಬ್ಬರನ್ನು ಎತ್ಲಿಕ್ಕೆ ಇಲ್ಲ."

"ಹತ್ತಿಸಿದ್ದು ನಾನು" ಎಂದೆ.

"ಅದು ಆಮೇಲೆ ಮಾತಾಡುವ ಮಾರಾಯ್ತಿ. ಈಗ ಟ್ರ್ಯಾಕ್ಟರ್ ತಿರುಗಿಸು."

ಹೊರಡುವುದೂ ಅಷ್ಟು ಬೇಗ ಆಗಲಿಲ್ಲ. ಟ್ರೇಲರಿನಲ್ಲಿ ಅರ್ಧ ಕಳೆ ತುಂಬಿತ್ತು. ಅದನ್ನು ಸುರಿಯದೆ ಬಿಡುವವಳು ನಾನಲ್ಲ. ಸುರಿದು ಬಂದೆ. ಲೋಡರನ್ನು ತೊಳೆಯದೆ ಒಯ್ಯುವವಳೂ ಅಲ್ಲ. ಎಲ್ಲರೂ ನೋಡುತ್ತಿದ್ದಂತೆ ಪೈಪು ಹಿಡಿದು, ಬಕೆಟ್ಟಿನ ಹಲ್ಲಿನಿಂದ ಹಿಡಿದು ಹಿಂದಿನ ಚಕ್ರದ ವರೆಗೆ, ಎಂದಿಗಿಂತ ನಿಧಾನವಾಗಿ ತೊಳೆದೆ. ಅಷ್ಟರಲ್ಲಿ ಮ್ಯಾನೇಜರ್ ಫೋನು ಮಾಡಿ ಪಕ್ಕದ ರಸ್ತೆಯ ಕೆಲಸದಿಂದ ಇನ್ನೊಂದು ಲೋಡರ್ ತರಿಸಿದ್ದರು. ಅದರ ಬಕೆಟ್ಟಿನಲ್ಲಿ ಆ ಇಬ್ಬರೂ ನಿಂತರು, ಮೇಲೆ ಹೋದರು, ಹಗ್ಗ ಕಟ್ಟಿದರು. ನನ್ನ ಕೈಯ ಪೈಪಿನ ನೀರು ಎಲ್ಲಿಗೆ ಹೋಗುತ್ತಿದೆ ಎಂಬ ಪರಿವೆ ನನಗಿರಲಿಲ್ಲ. ಅದರ ಆಪರೇಟರನ ಮೊಣಕೈಯನ್ನೇ ನೋಡುತ್ತಿದ್ದೆ. ಏನೂ ಆಗಲಿಲ್ಲ. ಇಬ್ಬರೂ ನಗುತ್ತಾ ಇಳಿದರು. ಒಬ್ಬ ನನಗೆ ಕೈ ಬೀಸಿದ.

ಮ್ಯಾನೇಜರ್ ನಮ್ಮ ಬಳಿ ಬಂದರು. ಅವರ ದನಿಯಲ್ಲಿ ಕೋಪವಿರಲಿಲ್ಲ, ಮಕ್ಕಳಿಗೆ ಬುದ್ಧಿ ಹೇಳುವ ಸಲಿಗೆಯಿತ್ತು.

"ನೋಡಿದ್ರಾ ಚೇಚಿ? ಎಂತ ಆಯ್ತು?"

"ಎಂತದೂ ಆಗ್ಲಿಲ್ಲ" ಎಂದೆ. "ನಮಗೂ ಅವರು ಬೀಳುವವರೆಗೆ ಎಂತದೂ ಆಗಿರ್ಲಿಲ್ಲ ಸಾರ್. ನಾಳೆ ಕರೆದ್ರೂ ನಾನು ಇದನ್ನೇ ಹೇಳುದು. ನಾಡಿದ್ದೂ ಇದನ್ನೇ."

"ನಾಳೆ ಕರೆಯುದಿಲ್ಲ."

"ಆಯ್ತು."

ಮುಖ್ಯರಸ್ತೆಗೆ ಏರುವಾಗ ಲೋಡರ್ ಮುಂದೆ, ಖಾಲಿ ಟ್ರೇಲರ್ ಎಳೆದುಕೊಂಡು ನಾನು ಹಿಂದೆ. ಎದುರಿನಿಂದ ಅಧಿಕಾರಿಗಳ ಕಾರುಗಳು ಬಂದವು. ಮೆಟ್ರೋ ಕಂಬಗಳ ಕೆಳಗಿನ ರಸ್ತೆಯಲ್ಲಿ ನಮ್ಮ ವೇಗ ಎಷ್ಟೆಂದರೆ ಸೈಕಲ್ಲಿನವರೂ ದಾಟಿ ಹೋಗುತ್ತಾರೆ. ನನ್ನ ಬೆನ್ನಿಗೆ ಕಾರುಗಳ ಸಾಲು ಬೆಳೆಯಿತು. ಹಾರ್ನು, ಹೆಡ್‌ಲೈಟು. ಒಬ್ಬ ಪಕ್ಕಕ್ಕೆ ಬಂದು ಗಾಜು ಇಳಿಸಿ, ಹೆಂಗಸೆಂದು ಕಂಡ ಮೇಲೆ ಇನ್ನೂ ಜೋರಾಗಿ ಏನೋ ಬೈದು ಹೋದ. ಅವಸರ ಅವನದು. ನಾಳೆ ಎಲ್ಲಿ ಕೆಲಸ ಎಂದು ನನಗೆ ಗೊತ್ತಿರಲಿಲ್ಲ. ಮುಂದಿನ ಲೋಡರಿನ ಕ್ಯಾಬಿನ್ನಿನಲ್ಲಿ ನಮ್ಮವರ ಬೆನ್ನು ನೆಟ್ಟಗಿತ್ತು. ಎರಡು ಕೈಯೂ ಸ್ಟಿಯರಿಂಗಿನ ಮೇಲಿದ್ದವು. ನಾನು ಅದೇ ಗೇರಿನಲ್ಲಿ, ಅದೇ ವೇಗದಲ್ಲಿ, ರಸ್ತೆಯಲ್ಲಿ ನಮ್ಮ ಪಾಲಿನ ಜಾಗವನ್ನು ಬಿಟ್ಟುಕೊಡದೆ ಅವರ ಹಿಂದೆಯೇ ನಡೆಸಿದೆ.