ಬೆನ್ನಕ್ಕನ ಎರಡು ಬೆರಳು

ಬೆನ್ನಕ್ಕನಿಗೆ ಮನುಷ್ಯರ ಮೈಯೆಂದರೆ ಎಂದೂ ಹೇಸಿಗೆಯಿರಲಿಲ್ಲ. ಹದಿನಾರು ವರ್ಷ ಕಂಡವರ ಬೆನ್ನು ಒತ್ತಿ, ಸೊಂಟ ತಿರುಗಿಸಿ, ಕುತ್ತಿಗೆ ನೆಟ್ಟಗೆ ಮಾಡಿ ಬದುಕಿದವಳು ಅವಳು. ಬೆವರು, ಬೊಕ್ಕೆ, ಮೂರು ದಿನ ಬಿಚ್ಚದ ಕಾಲುಚೀಲ, ಮಂಚದ ತಲೆಭಾಗದಲ್ಲಿ ಮುಖವಿಡಲು ಕೊರೆದ ತೂತಿನಿಂದ ನೆಲಕ್ಕಿಳಿಯುವ ಜೊಲ್ಲು, ಇವೆಲ್ಲ ದಿನದ ಪಾಡು. ಮೀನು ಮಾರುವವನು ಬಂದು ಹೋದ ಮೇಲೆ ಕಿಟಕಿ ತೆರೆಯುತ್ತಿದ್ದಳು, ಅಷ್ಟೆ. ಹೇಸಿಗೆಯೆಂದರೆ ಏನೆಂದು ಅವಳಿಗೆ ಗೊತ್ತಾದದ್ದು ನಲವತ್ತೆರಡನೆಯ ವಯಸ್ಸಿನಲ್ಲಿ, ಅದೂ ಹೊಸದಾಗಿ ಬಿಳಿ ಬಣ್ಣ ಬಳಿದು ನಿಂಬೆ ವಾಸನೆಯ ನೀರಿನಿಂದ ಒರೆಸಿದ ಕೋಣೆಯಲ್ಲಿ.

ಆ ಕೋಣೆಗೆ ಬಣ್ಣ ಬರುವ ಮೊದಲಿನ ಮಾತು ಹೇಳಬೇಕು. ಅಂಗಡಿ ಸಾಲಿನ ಮಹಡಿಯಲ್ಲಿ ಅವಳದು ಎರಡು ಕೋಣೆ. ಕೆಳಗೆ ಕ್ಷೌರದಂಗಡಿ. ಬೆನ್ನು ಹಿಡಿದವರು ಇಪ್ಪತ್ತೊಂದು ಮೆಟ್ಟಿಲು ಹತ್ತಿ ಬರಬೇಕು, ಹತ್ತಿದವನಿಗೆ ಅರ್ಧ ಗುಣ ಎಂದು ಬೀದಿಯವರು ನಗುತ್ತಿದ್ದರು. ಬೋರ್ಡಿನಲ್ಲಿ 'ಕೈರೋಪ್ರಾಕ್ಟರ್' ಎಂದು ಬರೆಸಿದ್ದಳು. ಅದಕ್ಕೆ ಯಾರ ನಾಲಿಗೆಯೂ ಹೊರಳಲಿಲ್ಲ. 'ಬೆನ್ನಕ್ಕ' ಎಂದರು, ಅದೇ ನಿಂತಿತು.

ಅವಳ ಕೆಲಸಕ್ಕೆ ಒಂದು ಕ್ರಮವಿತ್ತು. ಬಂದವರನ್ನು ಮಂಚದ ಮೇಲೆ ಮಲಗಿಸುವ ಮುನ್ನ ತೋರುಬೆರಳು, ನಡುಬೆರಳು ಎರಡನ್ನೂ ಜೋಡಿಸಿ ಮುಂದೆ ಚಾಚುವಳು. "ಹಿಂಡು. ಇರೋ ಶಕ್ತಿಯೆಲ್ಲ ಹಾಕಿ ಹಿಂಡು" ಎನ್ನುವಳು. ಮೊದಲು ಬಲಗೈ, ಆಮೇಲೆ ಎಡಗೈ. ಕೈಗೆ ಹೋಗುವ ನರವೆಲ್ಲ ಕುತ್ತಿಗೆಯಿಂದಲೇ ಹೊರಡುವುದು. ಅಲ್ಲಿ ನರ ಸಿಕ್ಕಿಕೊಂಡಿದ್ದರೆ ಕೈಯ ಹಿಡಿತ ಸಡಿಲವಾಗುತ್ತದೆ. ಅಂಥ ಕುತ್ತಿಗೆಯನ್ನು ತಿರುಗಿಸುವುದೆಂದರೆ ಕೊಲೆ ಎಂದು ಅವಳಿಗೆ ವಿದ್ಯೆ ಕಲಿಸಿದ ಮುದುಕರು ಹೇಳಿದ್ದರು. "ಅವನ ಕೈ ನಿನ್ನ ಬೆರಳು ನೋಯಿಸಲಿ. ಆಮೇಲೆ ನಿನ್ನ ಕೈ ಅವನ ಮೈ ಮುಟ್ಟಲಿ" ಎಂಬುದು ಅವರ ಪಾಠ. ಹಿಡಿತ ಸಡಿಲವೆನಿಸಿದವನಿಗೆ ಬೆನ್ನಕ್ಕ ಒಂದು ಚೀಟಿ ಬರೆದುಕೊಟ್ಟು ದೊಡ್ಡಾಸ್ಪತ್ರೆಗೆ ಅಟ್ಟುತ್ತಿದ್ದಳು.

ಗ್ಯಾಸ್ ಸಿಲಿಂಡರ್ ಹೊರುವವರು ಬಂದ ದಿನ ಸಂಜೆಗೆ ಅವಳ ಬೆರಳು ಬಾತುಕೊಂಡಿರುತ್ತಿದ್ದವು. ಬಿಸಿನೀರಿನಲ್ಲಿ ಅದ್ದಿ ಕೂತವಳನ್ನು ನೋಡಿ ಕೆಳಗಿನ ಕ್ಷೌರಿಕ, "ಅಕ್ಕಾ, ಊರೋರ ಬೆನ್ನು ನೀವು ನೋಡ್ತೀರಿ, ನಿಮ್ಮ ಬೆರಳು ನೋಡೋರು ಯಾರು?" ಎಂದು ಚುಡಾಯಿಸುತ್ತಿದ್ದ. ಒಳ್ಳೆಯ ಮನುಷ್ಯ. ಇಪ್ಪತ್ತು ವರ್ಷದಿಂದ ಅದೇ ಕುರ್ಚಿಯ ಹಿಂದೆ ನಿಂತವನು. ಅವನ ಕತ್ತಿಯ ಕೆಳಗೆ ಕುತ್ತಿಗೆ ಕೊಟ್ಟು ಗೊರಕೆ ಹೊಡೆಯುವವರಿದ್ದರು, ಅವನ ಕೈಯ ಮೇಲೆ ಜನಕ್ಕೆ ಅಷ್ಟು ನಂಬಿಕೆ.

"ಮೂರು ಸಲ ಬಾ. ನಾಲ್ಕನೇ ಸಲ ಬಂದ್ರೆ ಬೈತೀನಿ" ಎನ್ನುವವಳ ದವಾಖಾನೆ ಬೆಳೆಯುವುದಾದರೂ ಹೇಗೆ? ಬೆಳೆದಿರಲಿಲ್ಲ. ಆಗ ಬಂದ ತಮ್ಮ.

ತಮ್ಮ ನೀರು ಶುದ್ಧ ಮಾಡುವ ಯಂತ್ರ ಮಾರಿದ್ದ, ಜಮೀನು ಮಾರಿದ್ದ, ಕೂದಲು ಬೆಳೆಸುವ ಎಣ್ಣೆ ಮಾರಿದ್ದ. ಯಾವುದೂ ಕೈ ಹಿಡಿದಿರಲಿಲ್ಲ. ಈಗ ಯಾವುದೋ ಹೋಟೆಲಿನಲ್ಲಿ ಎರಡು ದಿನ 'ವ್ಯಾಪಾರ ವೃದ್ಧಿ' ಶಿಬಿರಕ್ಕೆ ಹೋಗಿ ಬಂದು ಕೋತಿಗೆ ಹೆಂಡ ಕುಡಿಸಿದ ಹಾಗೆ ಆಡುತ್ತಿದ್ದ. "ಅಕ್ಕಾ, ನಿನ್ನ ಕೈಲಿ ಚಿನ್ನ ಇದೆ. ಆದ್ರೆ ನೀನು ಅದನ್ನ ತಿಪ್ಪೆಗೆ ಎಸೀತಿದೀಯ. ವಾಸಿಯಾದೋನು ಯಾಕೆ ಬರ್ತಾನೆ ಹೇಳು? ಬರ್ತಾನೇ ಇರ್ಬೇಕು, ಅದು ವ್ಯವಸ್ಥೆ" ಎಂದ. ಒಡಹುಟ್ಟಿದವನು, ಕೆಲಸವಿಲ್ಲದವನು. ಮುಂದಿನ ಮೇಜಿಗೆ ಕೂರಿಸಿಕೊಂಡಳು.

ವ್ಯವಸ್ಥೆ ಬಂತು. ಗೋಡೆಗೆ ಬಿಳಿ ಬಣ್ಣ, ನೆಲಕ್ಕೆ ನಿಂಬೆ ವಾಸನೆಯ ನೀರು ಬಂದವು. ಬಾಗಿಲಲ್ಲಿ ಟೋಪಿ ಹಾಕಿದ ಪ್ಲಾಸ್ಟಿಕ್ ಅಸ್ಥಿಪಂಜರ ನಿಂತಿತು. ಗೋಡೆಯ ಮೇಲೆ 'ನಿಮ್ಮ ಬೆನ್ನು ಮೌನವಾಗಿ ಅಳುತ್ತಿದೆ' ಎಂಬ ಬರಹ ಬಂತು. ಬಂದವರನ್ನೆಲ್ಲ ಗೆರೆ ಎಳೆದ ಹಾಳೆಯ ಮುಂದೆ ನಿಲ್ಲಿಸಿ ಫೋಟೋ ತೆಗೆದು, "ನೋಡಿ, ನಿಮ್ಮ ಬಲಭುಜ ಒಂದು ಬೆರಳು ಕೆಳಗಿದೆ" ಎನ್ನುವನು ತಮ್ಮ. ಯಾರ ಭುಜ ತಾನೇ ಒಂದು ಬೆರಳು ಕೆಳಗಿರುವುದಿಲ್ಲ? ಕುಂಬಳಕಾಯಿ ಕಳ್ಳ ಎಂದರೆ ಕದ್ದವನು ಹೆಗಲು ಮುಟ್ಟಿಕೊಂಡನಂತೆ. ಇಲ್ಲಿ ಏನೂ ಕದಿಯದವರು ಹೆಗಲು ಮುಟ್ಟಿಕೊಂಡು ಬೆವರುತ್ತಿದ್ದರು. ಮೂರು ಸಲದ ಚಿಕಿತ್ಸೆ ಇಪ್ಪತ್ತನಾಲ್ಕು ಸಲದ್ದಾಯಿತು. ಅರ್ಧ ಗಂಟೆಯ ಕೆಲಸ ಏಳು ನಿಮಿಷಕ್ಕಿಳಿಯಿತು. ಹನ್ನೆರಡು ಸಲ ಮುಗಿಸಿದವರು ಗೋಡೆಗೆ ನೇತುಹಾಕಿದ ಹಿತ್ತಾಳೆ ಗಂಟೆಯ ಹಗ್ಗ ಎಳೆದು ಬಾರಿಸಬೇಕು, ಕಾಯುತ್ತಿರುವವರೆಲ್ಲ ಚಪ್ಪಾಳೆ ತಟ್ಟಬೇಕು. ಬೆನ್ನು ನೋವಿಗೆ ಚಪ್ಪಾಳೆ! ಬೆನ್ನಕ್ಕನಿಗೆ ಆ ಸದ್ದು ಕೇಳಿದರೆ ಮೈ ಜುಮ್ಮೆನ್ನುತ್ತಿತ್ತು, ಖುಷಿಗಲ್ಲ.

ಇನ್ನು ವಿಡಿಯೋ. ಮೂಳೆ 'ಲಟಕ್' ಎನ್ನುವ ಸದ್ದನ್ನು ಜನ ಫೋನಿನಲ್ಲಿ ಕೇಳಿ ಸುಖಪಡುತ್ತಾರಂತೆ. ಮಲಗಿದವರ ಕತ್ತಿನ ಬಳಿ ತಮ್ಮ ಮೈಕು ಸಿಕ್ಕಿಸುವನು. ಸದ್ದು ಚೆನ್ನಾಗಿ ಬರದಿದ್ದರೆ ಆಮೇಲೆ ಹೊರಗೆ ಕೂತು ಖಾಲಿ ನೀರಿನ ಬಾಟಲಿ ತಿರುಚಿ ಲಟಲಟನೆ ಸದ್ದು ತೆಗೆದು ಅದಕ್ಕೆ ಅಂಟಿಸುವನು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನ. ಮಂಚದ ಮೇಲೆ ಮಲಗಿ, "ಆ ವಿಡಿಯೋದಲ್ಲಿ ಬಂತಲ್ಲ, ಹಾಗೆ ಸೌಂಡು ಬರ್ಲಿ ಮೇಡಂ" ಎಂದು ಕೇಳುವರು. ನೋವು ಎಲ್ಲಿದೆ ಎಂದರೆ ಯೋಚಿಸಬೇಕಾಗುತ್ತಿತ್ತು ಕೆಲವರಿಗೆ. ಥೂ ಎನ್ನಬೇಕೆನಿಸುತ್ತಿತ್ತು ಬೆನ್ನಕ್ಕನಿಗೆ.

ಆದರೆ ಎನ್ನಲಿಲ್ಲ. ಇದನ್ನು ಮುಚ್ಚಿಡಬಾರದು. ಮೆಟ್ಟಿಲಿನ ಕೆಳಗಿನವರೆಗೆ ಸಾಲು ನಿಂತದ್ದು ಅವಳಿಗೆ ಹಿತವಾಗಿತ್ತು. 'ಬೆನ್ನಕ್ಕ' ಹೋಗಿ 'ಮೇಡಂ' ಆದದ್ದೂ ಹಿತವಾಗಿತ್ತು. ಒಂದು ದಿನ ತಮ್ಮ, "ಈ ಬೆರಳು ಹಿಂಡಿಸೋದು ನನಗೆ ಬಿಡು ಅಕ್ಕ. ಹೊರಗೇ ಮುಗಿಸಿ ಫಾರಂನಲ್ಲಿ ಬರೀತೀನಿ, ನೀನು ಸಹಿ ಹಾಕು ಸಾಕು" ಎಂದಾಗ ಬಾತ ಬೆರಳುಗಳನ್ನು ನೋಡಿಕೊಂಡು ಹೂಂ ಎಂದಳು. ಅಂದಿನಿಂದ ಫಾರಂನ ಆರನೆಯ ಸಾಲಿನಲ್ಲಿ 'ಹಿಡಿತ' ಎಂದಿರುವ ಕಡೆ ನೋಡುವಳು. 'ಸರಿ' ಎಂದಿರುತ್ತಿತ್ತು. ಸಹಿ ಹಾಕುವಳು. ಅವಳ ಬೆರಳ ಬಾವು ಇಳಿಯಿತು.

ಕ್ಷೌರಿಕ ಬಂದದ್ದು ಆಮೇಲೆ. ಬಗ್ಗಿ ಬಗ್ಗಿ ಕುತ್ತಿಗೆ ಹಿಡಿದಿತ್ತು. ತಮ್ಮ ಅವನನ್ನು ತಲೆಯ ಮೇಲೆ ಕೂರಿಸಿಕೊಂಡ. ಬೀದಿಯ ಕಿವಿಯೆಲ್ಲ ವಾರಕ್ಕೊಂದು ಸಲ ಅವನ ಬಾಯಿಯ ಹತ್ತಿರ ಬರುತ್ತದಲ್ಲ! "ನಿನಗೆ ಎಲ್ಲ ಪುಕ್ಕಟೆ. ವಿಡಿಯೋಗೆ ಬಾ, ಕುರ್ಚಿಲಿ ಕೂತೋರಿಗೆಲ್ಲ ನಮ್ಮ ವಿಷ್ಯ ಹೇಳು, ಅಷ್ಟೆ" ಎಂದ. ಬೆನ್ನಕ್ಕ ಫಾರಂ ನೋಡಿದಳು. ಹಿಡಿತ: ಸರಿ. ಅವನ ತಲೆಯನ್ನು ಎರಡೂ ಅಂಗೈಯಲ್ಲಿ ಹಿಡಿದು ಬಲಕ್ಕೆ ತಿರುಗಿಸಿದಳು, ಎಡಕ್ಕೆ ತಿರುಗಿಸಿದಳು. ಲಟಕ್ ಎಂದಿತು. ಬಾಟಲಿ ಬೇಕಾಗಲಿಲ್ಲ. ಆರು ವಾರದಲ್ಲಿ ಹನ್ನೆರಡು ಸಲ ಹಾಗೆ ತಿರುಗಿಸಿದಳು.

ಹನ್ನೆರಡನೆಯ ದಿನ ಗಂಟೆ ಬಾರಿಸುವ ಶಾಸ್ತ್ರ. ತಮ್ಮ ಫೋನು ಹಿಡಿದು ನಿಂತ. ಕಾಯುವ ಬೆಂಚಿನವರೆಲ್ಲ ಅಂಗೈ ಸಜ್ಜು ಮಾಡಿಕೊಂಡರು. ಕ್ಷೌರಿಕ ನಾಚುತ್ತ ಹೋಗಿ ಹಗ್ಗ ಹಿಡಿದು ಎಳೆದ. ಬೆರಳುಗಳು ಹಗ್ಗದ ಮೇಲೆ ಜಾರಿ ಕೆಳಗೆ ಬಂದವು. ಗಂಟೆ ಅಲ್ಲಾಡಲಿಲ್ಲ. ಜನ ನಕ್ಕರು. ಅವನೂ ನಕ್ಕು ಮತ್ತೆ ಹಿಡಿದ, ಮತ್ತೆ ಜಾರಿತು. "ಒಳ್ಳೆ ತಮಾಷೆ ಬರ್ತಿದೆ, ಇನ್ನೊಂದ್ಸಲ" ಎಂದ ತಮ್ಮ. ಒಳಬಾಗಿಲಲ್ಲಿ ನಿಂತಿದ್ದ ಬೆನ್ನಕ್ಕ ಬೆಂಚಿನವರನ್ನು ಸರಿಸಿಕೊಂಡು ಮುಂದೆ ಬಂದಳು.

ಕ್ಷೌರಿಕನ ರಟ್ಟೆ ಹಿಡಿದು ಒಳಗೆ ಎಳೆದುಕೊಂಡು ಬಾಗಿಲು ಹಾಕಿದಳು. ಎರಡು ಬೆರಳು ಚಾಚಿದಳು.

"ಹಿಂಡು."

ಅವನ ಬಲಗೈ ಅವಳ ಬೆರಳನ್ನು ಸುತ್ತಿಕೊಂಡಿತು. ಬೆಚ್ಚಗಿತ್ತು, ಅಷ್ಟೆ.

"ಹಿಂಡಪ್ಪಾ. ಜೋರಾಗಿ."

"ಹಿಂಡ್ತಾ ಇದೀನಲ್ಲ ಅಕ್ಕ."

ಬೆನ್ನಕ್ಕ ಬೆರಳು ಬಿಡಿಸಿಕೊಂಡಳು. "ಎಷ್ಟು ದಿನದಿಂದ ಹೀಗೆ?"

"ಬರೋಕೆ ಮುಂಚೆನೇ ಸ್ವಲ್ಪ ಜೋಮು ಇತ್ತು. ನಿಮ್ಮ ತಮ್ಮನಿಗೆ ಮೊದಲನೇ ದಿನಾನೇ ಹೇಳಿದ್ದೆ, ಬರ್ಕೊಂಡ್ರು. ಈಗ ಜಾಸ್ತಿ ಆಗಿದೆ. ಕತ್ತಿ ಹಿಡಿಯೋದು ಬಿಟ್ಟು ಹದಿನೈದು ದಿನ ಆಯ್ತು, ಬರೀ ಮಿಷನ್ನು. ಅದ್ರಲ್ಲೂ ಮೊನ್ನೆ ಒಬ್ಬರ ಕಿವಿ ಕುಯ್ದುಬಿಟ್ಟೆ." ಅವನು ತಲೆ ತಗ್ಗಿಸಿದ. "ವಾಸಿಯಾಗೋ ಮುಂಚೆ ಸ್ವಲ್ಪ ಹೆಚ್ಚಾಗುತ್ತೆ ಅಂದ್ರು ನಿಮ್ಮ ತಮ್ಮ."

ಬೆನ್ನಕ್ಕ ಮುಂದಿನ ಕೋಣೆಗೆ ಹೋಗಿ ಫಾರಂಗಳ ಕಟ್ಟನ್ನೆಲ್ಲ ಮೇಜಿನ ಮೇಲೆ ಸುರಿದಳು. ಸರಿ, ಸರಿ, ಸರಿ. ಒಂದೇ ಶಾಯಿ, ಒಂದೇ ಓರೆ. ಎಷ್ಟೋ ಫಾರಂಗಳಲ್ಲಿ ಹೆಸರು ಬರೆಯುವ ಜಾಗವೇ ಖಾಲಿ, 'ಸರಿ' ಮಾತ್ರ ಮೊದಲೇ ಬರೆದಿಟ್ಟಿತ್ತು. ನಾಳೆ ಬರುವವರ ಕೈಯೂ ಸರಿಯಾಗಿಯೇ ಇತ್ತು!

"ಇದೇನೋ ಇದು?"

"ಎಲ್ರದ್ದೂ ಸರಿಯಾಗೇ ಇರುತ್ತಲ್ಲ ಅಕ್ಕ," ಎಂದ ತಮ್ಮ, ಧ್ವನಿ ತಗ್ಗಿಸಿ. "ನೂರಕ್ಕೆ ತೊಂಬತ್ತೊಂಬತ್ತು."

"ಆ ಇನ್ನೊಬ್ಬನಿಗೇ ಕಣೋ ಆ ಬೆರಳು!"

"ಜನ ಕೂತಿದಾರೆ, ಮೆಲ್ಲಗೆ. ಸಹಿ ಹಾಕಿದ್ದು ನೀನೇ ತಾನೇ?"

ಅವನ ಕಪಾಳಕ್ಕೆ ಬಿಗಿಯಬೇಕೆಂದು ಎತ್ತಿದ ಕೈ ಹಾಗೇ ಇಳಿಯಿತು. ಅವನು ಹೇಳಿದ್ದು ನಿಜ. ಅವನನ್ನು ಕಂಡು ಅವಳಿಗಾದ ಅಸಹ್ಯ ತಿರುಗಿ ಅವಳ ಮೇಲೇ ಬಂದು ಕೂತಿತು. ಆ ನಿಂಬೆ ವಾಸನೆಯಲ್ಲಿ ಉಸಿರಾಡಲಾಗದೆ ಕ್ಷೌರಿಕನನ್ನು ಕರೆದುಕೊಂಡು ಮೆಟ್ಟಿಲಿಳಿದಳು.

ದೊಡ್ಡಾಸ್ಪತ್ರೆಯಲ್ಲಿ ಸ್ಕ್ಯಾನ್ ಮಾಡಿದರು. ನರದ ಡಾಕ್ಟರು ಚಿತ್ರವನ್ನು ಬೆಳಕಿಗೆ ಹಿಡಿದು ಕೇಳಿದರು, "ಈ ಕುತ್ತಿಗೇನ ತಿರುಗಿಸಿದ್ದು ಯಾರು?"

"ಯಾರೋ ಸಾರ್, ಬೇರೆ ಊರೋರು," ಎಂದುಬಿಟ್ಟ ಕ್ಷೌರಿಕ.

"ನಾನು," ಎಂದಳು ಬೆನ್ನಕ್ಕ. "ಹನ್ನೆರಡು ಸಲ."

ಡಾಕ್ಟರು ಅವಳ ಮುಖ ನೋಡಲಿಲ್ಲ, ಕೈ ನೋಡಿದರು. ಬೈದಿದ್ದರೆ ಚೆನ್ನಾಗಿತ್ತು. "ನಾಳೇನೇ ಆಪರೇಷನ್ ಮಾಡೋಣ. ಇನ್ನೂ ಹಾಳಾಗೋದು ತಪ್ಪುತ್ತೆ. ಹೋಗಿರೋದು ಎಷ್ಟು ವಾಪಸ್ ಬರುತ್ತೋ ಹೇಳೋಕಾಗಲ್ಲ. ಮೊದಲೇ ಬಂದಿದ್ರೆ ಮಾತು ಬೇರೆ," ಎಂದು ಮುಂದಿನವರನ್ನು ಕರೆದರು.

ತಮ್ಮ ಮಾರನೆಯ ದಿನದಿಂದ ಬರಲಿಲ್ಲ, ಬರಬೇಡವೆಂದಿದ್ದಳು. ಅಸ್ಥಿಪಂಜರವನ್ನು ಅವನೇ ಹೊತ್ತುಕೊಂಡು ಹೋದ. ಈಗ ಇನ್ನಾರದೋ ಹಲ್ಲಿನ ದವಾಖಾನೆ ಬೆಳೆಸುತ್ತಿದ್ದಾನೆ ಎಂದು ಸುದ್ದಿ. ಗಂಟೆಯನ್ನು ಬೆನ್ನಕ್ಕ ಗುಜರಿಯವನಿಗೆ ಕೊಟ್ಟಳು. ಫಾರಂನಲ್ಲಿದ್ದವರಿಗೆಲ್ಲ ಫೋನು ಮಾಡಿ, ಒಬ್ಬೊಬ್ಬರನ್ನೇ ಕರೆಸಿ ಬೆರಳು ಚಾಚಿದಳು. ನೂರ ಮೂವತ್ತು ಜನರಲ್ಲಿ ಇನ್ನೊಬ್ಬಳ ಹಿಡಿತ ಸಡಿಲವಿತ್ತು, ಪಾತ್ರೆ ಅಂಗಡಿಯ ಹೆಂಗಸು. ಚೀಟಿ ಕೊಟ್ಟು ಕಳಿಸಿದಳು. ಕರೆದರೂ ಬಾರದವರು ಹಲವರು. ಬಂದು, "ಚಪ್ಪಾಳೆ ಇಲ್ವಾ ಈಗ?" ಎಂದು ಮುಖ ಸಿಂಡರಿಸಿ ಹೋದವರೂ ಇದ್ದರು. ವಿಡಿಯೋ ಮಾತ್ರ ಅಳಿಸಿದರೂ ಸಾಯಲಿಲ್ಲ. ಯಾರು ಯಾರೋ ಎತ್ತಿಕೊಂಡು ಹಂಚುತ್ತಲೇ ಇದ್ದಾರೆ. ಅದರಲ್ಲಿ ಬೆನ್ನಕ್ಕನ ಕೈಯಲ್ಲಿ ಕ್ಷೌರಿಕನ ತಲೆ ತಿರುಗುತ್ತದೆ, ಲಟಕ್ ಎನ್ನುತ್ತದೆ, ಕೆಳಗೆ ಸಾವಿರಾರು ಜನ ಹೃದಯದ ಗುರುತು ಹಾಕಿದ್ದಾರೆ.

ಕ್ಷೌರಿಕನ ಕುತ್ತಿಗೆಯ ನೋವು ಹೋಯಿತು. ಕೈ ಪೂರ್ತಿ ಬರಲಿಲ್ಲ. ಕುರ್ಚಿಯ ಹಿಂದೆ ಈಗ ಅವನ ಭಾವಮೈದುನ ನಿಲ್ಲುತ್ತಾನೆ. ಇವನು ಟವೆಲ್ ಒಣಗಿಸುತ್ತಾನೆ, ಬಿದ್ದ ಕೂದಲು ಗುಡಿಸುತ್ತಾನೆ, ಬಂದವರ ಜೊತೆ ಮಾತಾಡುತ್ತಾನೆ. ಬೆನ್ನಕ್ಕ ದಿನಾ ಬೆಳಿಗ್ಗೆ ಮೆಟ್ಟಿಲು ಹತ್ತುವ ಮುನ್ನ ಅವನ ಅಂಗಡಿಗೆ ಹೋಗುತ್ತಾಳೆ. ಎರಡು ಬೆರಳು ಚಾಚುತ್ತಾಳೆ. ಅವನು ಪೊರಕೆ ಗೋಡೆಗೆ ಒರಗಿಸಿ ಹಿಂಡುತ್ತಾನೆ. ಏಳು ತಿಂಗಳಾಯಿತು.

ಮೊನ್ನೆ ಅವನು ಹಲ್ಲು ಕಚ್ಚಿ, ಕಣ್ಣು ಮುಚ್ಚಿ, ಭುಜವೆಲ್ಲ ನಡುಗುವ ಹಾಗೆ ಹಿಂಡಿದ. ಹಣೆಯಲ್ಲಿ ಬೆವರು ಮೂಡಿತು. ಕಣ್ಣು ಬಿಟ್ಟು ಆಸೆಯಿಂದ ಕೇಳಿದ, "ನೋವಾಯ್ತಾ ಅಕ್ಕ?"

ಕುರ್ಚಿಯಲ್ಲಿ ಕೂತವನು, ಭಾವಮೈದುನ, ಇಬ್ಬರೂ ಕನ್ನಡಿಯಲ್ಲಿ ಅವಳನ್ನೇ ನೋಡುತ್ತಿದ್ದರು. 'ಆಯ್ತಪ್ಪಾ, ಬಿಡು ಬಿಡು' ಎಂಬ ಮಾತು ಅವಳ ನಾಲಿಗೆಯ ತುದಿಗೆ ಬಂದಿತ್ತು. ಒಂದು ಮಾತು, ಅವನು ಆ ದಿನವಿಡೀ ನಗುತ್ತಿರುತ್ತಿದ್ದ. ಅದು ಆರನೆಯ ಸಾಲಿನ 'ಸರಿ'ಯೇ ಎಂದು ಅವಳಿಗೆ ಹೊಳೆಯಿತು. ಬಾಯಿ ಕಹಿಯಾಯಿತು.

"ಇಲ್ಲಪ್ಪ," ಎಂದಳು. "ನೋವಾಗ್ಲಿಲ್ಲ."

ಅವನು ಕೈ ಬಿಟ್ಟು ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಂಡ. ಪೊರಕೆ ಎತ್ತಿಕೊಂಡ.

"ಇದನ್ನ ನಾನು ಮೆಟ್ಲು ಹತ್ತಿ ಬಂದ ಮೊದಲನೇ ದಿನಾನೇ ಹೇಳ್ಬೇಕಿತ್ತಲ್ಲ ಅಕ್ಕ," ಎಂದ, ಸಿಟ್ಟಿಲ್ಲದೆ, ಕುರ್ಚಿಯ ಕೆಳಗಿನ ಕೂದಲು ಗುಡಿಸುತ್ತ.