ಹನ್ನೆರಡಕ್ಕೆ ಸೈಕಲ್ ತಿರುಗಿಸುತ್ತಿದ್ದ ಸದಾಶಿವಣ್ಣ

ಕೈಗಡಿಯಾರದಲ್ಲಿ ಮಧ್ಯಾಹ್ನದ ಹನ್ನೆರಡಾಯಿತೆಂದರೆ ಸದಾಶಿವಣ್ಣ ಸೈಕಲ್ ತಿರುಗಿಸಿಬಿಡುತ್ತಿದ್ದರು. ಎದುರಿಗೆ ಕೆರೆಯಿರಲಿ, ಕೋಟೆಯಿರಲಿ, ಹೋಗಬೇಕೆಂದಿದ್ದ ಊರು ಅರ್ಧ ಮೈಲಿಯಷ್ಟೇ ಉಳಿದಿರಲಿ, ಅದು ಅವರಿಗೆ ಸಂಬಂಧವಿಲ್ಲದ ವಿಷಯ. ಹಾಗಾಗಿ ಅವರು ಮುಟ್ಟಿದ ಊರುಗಳಿಗಿಂತ ಮುಟ್ಟದೆ ಬಂದ ಊರುಗಳೇ ಹೆಚ್ಚು. ಮುರ್ಬಾಡ್ ದಾಟಿದ ಮೇಲಿನ ಹಳ್ಳಿಗಳಲ್ಲಿ ಯಾರಾದರೂ “ಕುಠೇ ನಿಘಾಲಾತ್ ಕಾಕಾ?” ಎಂದು ಕೇಳಿದರೆ, “ಬಾರಾ ವಾಜೇಪರ್ಯಂತ್” ಎನ್ನುತ್ತಿದ್ದರಂತೆ. ಎಲ್ಲಿಗೆ ಹೊರಟಿರಿ ಎಂದರೆ ಹನ್ನೆರಡು ಗಂಟೆಯವರೆಗೆ! ಕೇಳಿದವರು ಮುದುಕನಿಗೆ ಬಿಸಿಲು ತಲೆಗೇರಿದೆ ಎಂದುಕೊಂಡಿರಬೇಕು.

ಡೊಂಬಿವಲಿ ಸ್ಟೇಷನ್ನಿನ ಹತ್ತಿರದ ಉಡುಪಿ ಹೋಟೆಲಿನಲ್ಲಿ ಅವರು ದೋಸೆ ಹಾಕುತ್ತಿದ್ದರು. ವಾರದಲ್ಲಿ ಆರು ದಿನ ಕಾವಲಿಯ ಮುಂದೆ ನಿಂತೇ ಇರುವ ಮನುಷ್ಯ. ಹಿಟ್ಟಿನ ಬಟ್ಟಲು ಹಿಡಿದ ಬಲಗೈ ಒಳಗಿನಿಂದ ಹೊರಕ್ಕೆ ಸುತ್ತುತ್ತಾ ಹೋದರೆ ಕಾಗದದಷ್ಟು ತೆಳ್ಳಗಿನ ದೋಸೆ ತಾನೇ ಹರಡಿಕೊಂಡಂತೆ ಕಾಣುತ್ತಿತ್ತು. ಥಾಣೆಯ ಆಫೀಸಿಗೆ ಹೊರಡುವ ಮುಂಚೆ ನಾನು ತಿಂಡಿಗೆ ಅಲ್ಲಿಗೇ ಹೋಗುತ್ತಿದ್ದೆ. ಮಂಗಳವಾರ ಅವರಿಗೆ ರಜೆ. ಅಂದು ಬೆಳಗಿನ ಜಾವವೇ ಎರಡು ಇಡ್ಲಿ, ಒಂದು ಉಂಡೆ ಬೆಲ್ಲ, ಗಾಳಿ ಹೊಡೆಯುವ ಪಂಪು ಕಟ್ಟಿಕೊಂಡು ತಮ್ಮ ಹಳೆಯ ಕಪ್ಪು ಸೈಕಲ್ ಏರಿ, ಕಲ್ಯಾಣ ದಾಟಿ, ಒಬ್ಬರೇ ಹೊರಟುಬಿಡುತ್ತಿದ್ದರು.

ಜೊತೆಗೆ ಯಾರನ್ನಾದರೂ ಕರೆದುಕೊಂಡು ಹೋಗಬಾರದೇ ಎಂದು ಒಮ್ಮೆ ಕೇಳಿದೆ.

“ವಾರವಿಡೀ ಜನ ಕೂಗ್ತಾರೆ ಸರ್, ಒಂದು ಮಸಾಲಾ, ಎರಡು ಸಾದಾ ಅಂತ. ಒಂದು ದಿನವಾದ್ರೂ ಯಾರೂ ನನ್ನನ್ನು ಕರೀಬಾರ್ದು.”

“ಮತ್ತ ಹನ್ನೆರಡಕ್ಕ ಯಾಕ ತಿರಗತೀರಿ?”

“ಇದ್ದ ಶಕ್ತಿಯಲ್ಲಿ ಅರ್ಧ ವಾಪಸು ಬರ್ಲಿಕ್ಕೆ ಬೇಕಲ್ಲ ಮಾರಾಯ್ರೆ. ಒಬ್ಬನೇ ಹೋದವನನ್ನು ಮನೆಗೆ ತರುವವನೂ ಅವನೇ.”

ಅವರನ್ನು ಹುಚ್ಚು ಧೈರ್ಯದವರೆಂದು ತಿಳಿಯಬಾರದು. ಕಬ್ಬಿಣದ ಮಂಡಿಗಳಿರುವ ಕಳಂಬೋಲಿಯ ಕಡೆ ಅವರು ತಲೆಯನ್ನೂ ಹಾಕುತ್ತಿರಲಿಲ್ಲ. “ಕಬ್ಬಿಣ ಹೊತ್ತ ಲಾರಿ ಎದುರು ಸೈಕಲ್ ಬಿಡುದು ಸಾಹಸ ಅಲ್ಲ, ಬುದ್ಧಿ ಇಲ್ಲದ ಕೆಲಸ” ಎನ್ನುತ್ತಿದ್ದರು. ಒಮ್ಮೆ ಕಾಡುದಾರಿಯಲ್ಲಿ ಬೆಳಿಗ್ಗೆ ಹನ್ನೊಂದಕ್ಕೇ ಚೈನು ಕಡಿಯಿತಂತೆ. ಇವರು ಸೈಕಲ್ ತಳ್ಳಿಕೊಂಡು ಮುಂದಕ್ಕೇ ನಡೆದಿದ್ದಾರೆ, ಸರಿಯಾಗಿ ಹನ್ನೆರಡಕ್ಕೆ ತಿರುಗಿ, ತಳ್ಳಿಕೊಂಡೇ ಬಂದಿದ್ದಾರೆ. ನಾನು ನಕ್ಕರೆ, “ಕಡಿದದ್ದು ಚೈನು ಸರ್, ರಜೆ ಅಲ್ಲ” ಎಂದು ದೋಸೆ ಮಗುಚಿದರು.

ಆ ವರ್ಷ ನಮ್ಮ ಕನ್ನಡ ಸಂಘದ ರಾಜ್ಯೋತ್ಸವಕ್ಕೆ ಸನ್ಮಾನಿತರನ್ನು ಹುಡುಕುತ್ತಿದ್ದೆವು. ನಾನು ಕಾರ್ಯದರ್ಶಿ, ಸ್ಮರಣ ಸಂಚಿಕೆಯ ಸಂಪಾದಕನೂ ನಾನೇ. ಸದಾಶಿವಣ್ಣನ ಹೆಸರು ಸೂಚಿಸಿದೆ. ಅಧ್ಯಕ್ಷರು ಒಪ್ಪಿದರು, ಆದರೆ ಫೋಟೋ ಬೇಕೆಂದರು. “ಕಾವಲಿ ಎದುರು ನಿಂತ ಫೋಟೋ ಹಾಕಿ ‘ಸೈಕಲ್ ಸಾಹಸಿ’ ಅಂತ ಬರೆದ್ರೆ ಜನ ನಗಾಡ್ತಾರೆ ಮಾರಾಯ್ರೆ. ಯಾವುದಾದ್ರೂ ಘಾಟಿಯ ತುದಿಯಲ್ಲಿ ನಿಲ್ಲಿಸಿ ತೆಗೀರಿ.”

ಸದಾಶಿವಣ್ಣನಿಗೆ ಶಾಲೂ ಬೇಕಿರಲಿಲ್ಲ, ಫೋಟೋವೂ ಬೇಕಿರಲಿಲ್ಲ. ನಾಲ್ಕು ದಿನ ತಿಂಡಿಯ ಹೊತ್ತಿನಲ್ಲಿ ಕಾಡಿದೆ. ಕೊನೆಗೆ, “ಆಯ್ತು, ಹನ್ನೆರಡರೊಳಗೆ ಮಾಳಶೇಜ್ ಘಾಟಿಯ ತುದಿ ಸಿಕ್ಕಿದ್ರೆ ನಿಮ್ಮ ಪುಣ್ಯ” ಎಂದರು. ಆ ಘಾಟಿಯ ಬುಡದವರೆಗೆ ಅವರು ಎಷ್ಟೋ ಸಲ ಹೋಗಿದ್ದರು. ಮೇಲಕ್ಕೆ ಒಮ್ಮೆಯೂ ಹೋಗಿರಲಿಲ್ಲ.

ಸೆಪ್ಟೆಂಬರಿನ ಒಂದು ಮಂಗಳವಾರ. ನಾನು ರಜೆ ಹಾಕಿ, ಸ್ಕೂಟರಿನಲ್ಲಿ ದಾರಿಯಲ್ಲೇ ಅವರನ್ನು ಹಿಂದೆ ಹಾಕಿ ತುದಿಗೆ ಹೋಗಿ ಕಾದೆ. ಹನ್ನೆರಡಾಯಿತು. ಸೈಕಲ್ ಕಾಣಲಿಲ್ಲ. ಫೋನ್ ಮಾಡಿದೆ.

“ತಿರುಗಿಸಿದೆ ಸರ್” ಎಂದರು. ಏದುಸಿರು ಕೇಳುತ್ತಿತ್ತು. “ಹತ್ತುವಾಗ ಗಾಳಿ ಎದುರಿಂದ ಬಂತು. ಇವತ್ತಿಗೆ ಇಷ್ಟೇ.”

“ಎಲ್ಲಿ ಅದೀರಿ ಅಣ್ಣಾರ?”

ರಸ್ತೆಬದಿಯ ಗುಡಿಯೊಂದರ ಗುರುತು ಹೇಳಿದರು. ಆ ಗುಡಿಯಿಂದ ತುದಿಗೆ ಒಂಬತ್ತು ತಿರುವುಗಳಿದ್ದವು. ಬರುವಾಗ ನಾನು ಎಣಿಸಿದ್ದೆ.

“ಅಯ್ಯ, ಇನ್ನ ಎರಡ ತಿರುವು ಅದಾವ್ರಿ! ಇಷ್ಟ ದೂರ ಬಂದು ಹಂಗ ಹೋಗತೀರೇನು? ಬಂದ ಬಿಡ್ರಿ.”

“ಎರಡೇ ಅಲ್ವಾ?” ಎಂದರು.

“ಎರಡ” ಎಂದೆ.

ಅವರು ತುದಿ ಮುಟ್ಟಿದಾಗ ಒಂದೂವರೆ ದಾಟಿತ್ತು. ಅಷ್ಟರಲ್ಲಿ ಕಣಿವೆಯಿಂದ ಮಂಜು ಏರಿ, ಹನಿ ಶುರುವಾಗಿತ್ತು. ಸೈಕಲ್ ನಿಲ್ಲಿಸಿ, ಹ್ಯಾಂಡಲಿನ ಮೇಲೆ ಹಣೆಯಿಟ್ಟು, ಉಸಿರು ತಿರುಗಿದ ಮೇಲೆ ನನ್ನನ್ನು ನೋಡಿ ನಕ್ಕರು. “ನೀವು ಕಲಿತ ಶಾಲೆಯಲ್ಲಿ ಒಂದು ಆದ್ಮೇಲೆ ಎರಡಕ್ಕೆ ಮೊದಲು ಎಷ್ಟು ನಂಬರು ಉಂಟು ಮಾರಾಯ್ರೆ?” ಫೋಟೋದಲ್ಲಿ ಅವರ ಹಿಂದೆ ಬೆಟ್ಟವಿಲ್ಲ, ಕಣಿವೆಯಿಲ್ಲ, ಬರೀ ಬಿಳಿ.

ಇಳಿಯುವಾಗ ನಾನು ಹಿಂದಿನಿಂದ ಸ್ಕೂಟರಿನ ಲೈಟು ಹಾಕಿಕೊಂಡು ಬಂದೆ. ಮೂರನೆಯ ತಿರುವಿನಲ್ಲಿ ತರಕಾರಿಯ ಟೆಂಪೋ ಒಂದು ನಿಂತ ಲಾರಿಯನ್ನು ದಾಟುತ್ತಾ ರಸ್ತೆಯ ನಮ್ಮ ಮಗ್ಗುಲಿಗೇ ಬಂತು. ಸದಾಶಿವಣ್ಣ ಎರಡೂ ಬ್ರೇಕು ಒತ್ತಿದ್ದು ಕಂಡಿತು. ಒದ್ದೆ ಚಕ್ರ ಹಿಡಿಯಲಿಲ್ಲ. ಅವರು ಬಲಗೈ ಊರಿ ಬಿದ್ದರು. ಸೈಕಲ್ ಅವರ ಕಾಲಿನಡಿಯಿಂದ ಜಾರಿ, ರಸ್ತೆಯಂಚಿನ ಕಟ್ಟೆ ಒಡೆದಿದ್ದ ಕಡೆಯಿಂದ ಕಣಿವೆಗೆ ಹೋಯಿತು. ಟೆಂಪೋದ ಬಂಪರಿಗೂ ಅವರ ತಲೆಗೂ ನಡುವೆ ಒಂದು ಗೇಣು. ಆ ಗೇಣಿನಷ್ಟು ರಸ್ತೆ ಈಗಲೂ ಲೋಕಲ್ ರೈಲಿನಲ್ಲಿ ನಿಂತಿರುವಾಗ, ಹಲ್ಲುಜ್ಜುವಾಗ, ಸುಮ್ಮನೆ ಕಣ್ಣೆದುರು ಬರುತ್ತದೆ. ಒಮ್ಮೊಮ್ಮೆ ಅದು ಅಷ್ಟೂ ಇರುವುದಿಲ್ಲ. ಆಗ ಪಕ್ಕದವರು “ಕ್ಯಾ ಹುವಾ?” ಎಂದು ಕೇಳುವಷ್ಟು ಬೆಚ್ಚುತ್ತೇನೆ.

ಟೆಂಪೋದವನೇ ಅವರನ್ನು ಮಲಗಿಸಿಕೊಂಡು ಮುರ್ಬಾಡಿನ ಆಸ್ಪತ್ರೆಗೆ ತಂದ. ನಾನು ಹಿಂದೆ ಬಂದೆ. ಮಣಿಕಟ್ಟು ಎರಡು ಕಡೆ ಮುರಿದಿತ್ತು. ಸದಾಶಿವಣ್ಣ ಡಾಕ್ಟರರನ್ನು ಕೇಳಿದ್ದು ಒಂದೇ ಮಾತು, ಕೈಯನ್ನು ಗಾಳಿಯಲ್ಲಿ ಸುತ್ತಿಸಲು ಹೋಗಿ ಆಗದೆ, ಎಡಗೈಯಿಂದ ತೋರಿಸಿ: “ಹೀಗೆ ತಿರುಗ್ತದಾ?”

ತಿರುಗಲಿಲ್ಲ. ಮೂಳೆ ಕೂಡಿತು, ಮಣಿಕಟ್ಟು ಮರದಂತೆ ನಿಂತಿತು.

ರಾಜ್ಯೋತ್ಸವಕ್ಕೆ ಅವರು ಕೊರಳಿಗೆ ಕಟ್ಟಿದ ಬಟ್ಟೆಯ ಜೋಳಿಗೆಯಲ್ಲಿ ಕೈಯಿಟ್ಟುಕೊಂಡೇ ಬಂದರು. ಅಧ್ಯಕ್ಷರು ಅದರ ಮೇಲೇ ಶಾಲು ಹೊದೆಸಿದರು. ನಿರೂಪಣೆ ನನ್ನದು. ಎರಡು ಮಾತಾಡಿ ಎಂದು ಮೈಕು ಹಿಡಿದಾಗ ಸದಾಶಿವಣ್ಣ, “ಅವತ್ತು ನನಗೇ ಆಸೆ ಆಯ್ತು, ಮೇಲೆ ಎಂತ ಉಂಟು ನೋಡುವ ಅಂತ. ಹೋದೆ, ಬಿದ್ದೆ. ಸರ್ ಇದ್ದದ್ದಕ್ಕೆ ಉಳಿದೆ” ಎಂದರು. ಸಭೆ ಚಪ್ಪಾಳೆ ತಟ್ಟಿತು. ಮೈಕು ನನ್ನ ಕೈಯಲ್ಲೇ ಇತ್ತು. ಮುಂದಿನ ಸನ್ಮಾನಿತರ ಹೆಸರು ಓದಿದೆ.

ಕೊನೆಯ ಭೇಟಿ ಕೋಪರಖೈರಣೆಯಲ್ಲಿ, ಅವರ ಅಕ್ಕನ ಮಗನ ಮನೆಯಲ್ಲಿ. ಹೋಟೆಲಿನವರು ಬೇರೆ ದೋಸೆಯವರನ್ನು ಇಟ್ಟುಕೊಂಡಿದ್ದರು. ಮರುದಿನ ಸದಾಶಿವಣ್ಣ ಊರಿಗೆ ಹೊರಡುವವರಿದ್ದರು. ಆಮೇಲೆ ನಾನು ಅವರನ್ನು ನೋಡಿಲ್ಲ. ಒಂಬತ್ತು ತಿರುವನ್ನು ಎರಡೆಂದದ್ದನ್ನು ಅಂದು ಹೇಳಿಯೇ ಬಿಡಬೇಕೆಂದು ಹೋಗಿದ್ದೆ. ಅವರಿಗಲ್ಲ, ಅವರಿಗೆ ಗೊತ್ತಿತ್ತು. ಅವರ ಮನೆಯವರಿಗೆ.

ಸದಾಶಿವಣ್ಣ ಯಾರ ಮಾತೂ ಕೇಳದೆ ಅಡುಗೆಮನೆಗೆ ಹೋಗಿ ಎಡಗೈಯಲ್ಲಿ ದೋಸೆ ಹಾಕಿದರು. ಒಂದು ಕಡೆ ದಪ್ಪ, ಒಂದು ಕಡೆ ಹರಿದು, ಯಾವುದೋ ತಾಲೂಕಿನ ನಕ್ಷೆಯಂತೆ ಬಂತು. “ರುಚಿ ಅದೇ ಉಂಟು, ಆಕಾರ ನೋಡ್ಬೇಡಿ” ಎಂದರು. ನಾನು ಬಾಯಿಗಿಟ್ಟುಕೊಂಡೆ. ಆಗ ಇಲ್ಲೇ ಹುಟ್ಟಿ ಬೆಳೆದ ಆ ಅಕ್ಕನ ಮಗ ನನ್ನ ಪಕ್ಕದಲ್ಲಿ ಕುಳಿತು, ಹಿಂದಿಯಲ್ಲಿ ಹೇಳಿದ: “ಅಂಕಲ್, ಆಪ್ ನಹೀ ಹೋತೇ ತೋ ಮಾಮಾ ಉಸ್ ದಿನ್ ಘರ್ ನಹೀ ಆತೇ.” ನೀವಿರದಿದ್ದರೆ ಮಾಮ ಅಂದು ಮನೆಗೇ ಬರುತ್ತಿರಲಿಲ್ಲ ಎಂದು. ಅವನ ಕಣ್ಣು ಒದ್ದೆಯಾಗಿತ್ತು.

ಕಾವಲಿಯ ಮುಂದೆ ಸದಾಶಿವಣ್ಣ ನಮ್ಮ ಕಡೆ ತಿರುಗದೆ ನಿಂತಿದ್ದರು. ನಾನು ತುತ್ತು ನುಂಗಿದೆ.

“ಅದೇನ್ ದೊಡ್ಡದಲ್ಲ, ಬಿಡ್ರಿ” ಎಂದೆ, ಹೊಗಳಿಕೆಗೆ ಸಂಕೋಚಪಟ್ಟವನಂತೆ.